ಪಡಸಾಲೆಯ ಮಂಚ

ಚಪ್ಪಲಿ ಬಿಡುವ ಮೊದಲೇ ಆ ಹೆಂಗಸು ಅಳತೊಡಗಿದಳು. ಅಂಗಳದಲ್ಲಿ ಕುಳಿತವರು ಭಜನೆ ಬಿಟ್ಟು ಅವಳತ್ತ ತಿರುಗಿದರು. ಅಂದೋಲಾದಲ್ಲಿ ಅವಳನ್ನು ಹಿಂದೆ ಕಂಡವರು ಒಬ್ಬರೂ ಇರಲಿಲ್ಲ. ವಯಸ್ಸು ನಲವತ್ತರ ಆಚೀಚೆ. ಬಿಸಿಲಲ್ಲೂ ಸೆರಗನ್ನು ಎದೆ ತುಂಬ ಹೊದ್ದುಕೊಂಡಿದ್ದಳು. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದ ಡಾಕ್ಟರ್ ದೌಲತರಾಯರ ಹೆಣದ ಮುಂದೆ ಹೋಗಿ ಕುಸಿದಳು.

"ನನ್ನ ಕೈ ಬಿಟ್ಟು ಹೋದ್ರಲ್ರೀ!" ಎಂದು ಹಣೆ ಬಡಿದುಕೊಂಡಳು.

ಸತ್ತವರ ಹೆಂಡತಿ ಕಸ್ತೂರಿಬಾಯಿ ಒಳಬಾಗಿಲಲ್ಲಿ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದಳು. ಆ ಮನೆತನದಲ್ಲಿ ಗಂಡನ ಹಣೆಗೆ ಕೊನೆಯ ವಿಭೂತಿ ಹೆಂಡತಿಯೇ ಹಚ್ಚಬೇಕು. ಅದಾದ ಮೇಲೆಯೇ ಹೆಣ ಹೊರುವ ವಿಮಾನ ಏಳುವುದು. ಅವಳು ತಟ್ಟೆಯನ್ನು ಗೋಡೆಯ ಮಾಡದಲ್ಲಿಟ್ಟು ಬಾಗಿಲಿಗೆ ಬೆನ್ನು ಹಚ್ಚಿ ಕುಳಿತುಬಿಟ್ಟಳು.

"ವೈನಿ, ಸ್ವಾಮ್ಯಾರು ಬಂದು ಕುಂತಾರ. ಹೊತ್ತು ಮುಳುಗೋದ್ರಾಗ ಮಣ್ಣಾಗಬೇಕು," ಎಂದಳು ನಾದಿನಿ ಗಂಗಾಬಾಯಿ.

"ಆಕಿ ಯಾರಂತ ತಿಳೀಲಿ. ಅಲ್ಲೀ ಮಟ ನಾ ಹಚ್ಚಂಗಿಲ್ಲ."

ಗಂಗಾಬಾಯಿಗೆ ಇಷ್ಟೇ ಸಾಕಾಗಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿ ನೇರ ಪಡಸಾಲೆಗೆ ಹೋದಳು.

"ಯಾವೂರವ್ವ ನಿಂದು?"

"ಖಜೂರಿ ರೀ. ಸುವರ್ಣಾ ಅಂತಾರ."

"ನಮ್ಮಣ್ಣ ನಿನಗ ಹೆಂಗ ಗುರ್ತು?"

ಸುವರ್ಣಾ ಅತ್ತಿತ್ತ ನೋಡಿದಳು. "ನಮ್ದು ಸೀರಿ ಅಂಗಡಿ ಅದರಿ. ಬರ್ತಿದ್ರು."

"ಸೀರಿಗೇನ? ವೈನೀ, ಅಣ್ಣ ನಿನಗ ಖಜೂರಿಯಿಂದ ಯಾವಾಗರ ಸೀರಿ ತಂದಿದ್ನೇನ?"

ಅಂಗಳದಲ್ಲಿ ಯಾರೋ ಕೆಮ್ಮಿದರು. ಮಗ ಸುನೀಲಕುಮಾರ ತಲೆ ತಗ್ಗಿಸಿ ಬಿಲ್ವಪತ್ರೆ ಆರಿಸತೊಡಗಿದ. ಸುಳ್ಳು ಹೇಳುವುದಾದರೂ ಚಂದವಾಗಿ ಹೇಳಬೇಕಲ್ಲ! ಕಸ್ತೂರಿಬಾಯಿ ಮನಸ್ಸಿನಲ್ಲೇ ದಾರಿ ಲೆಕ್ಕ ಹಾಕಿದಳು. ಖಜೂರಿ ಇರುವುದು ಆಳಂದ ದಾಟಿದ ಮೇಲೆ. ಗಂಡ ಪ್ರತಿ ಗುರುವಾರ ಹೋಗುತ್ತಿದ್ದುದೂ ಆಳಂದಕ್ಕೇ.

*

ಸರ್ಕಾರಿ ದವಾಖಾನೆಯಿಂದ ನಿವೃತ್ತಿಯಾದ ಮೇಲೆ ಶುರುವಾದದ್ದು ಈ ಗುರುವಾರದ ಸವಾರಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬೆಳಗಿನ ಬಸ್ಸಿಗೆ ಹೋದವರು ರಾತ್ರಿ ಊಟದ ಹೊತ್ತಿಗೆ ಬರುವರು.

"ಅಲ್ಲೇನ ಅದ ಅಂತ ಹೋಗ್ತೀರಿ?"

"ನಮ್ಮ ಹುಸೇನಪೀರಂದು ಪ್ರೆಸ್ ಅದ. ಕುಂತು ಹರಟಿ ಹೊಡದು ಬರ್ತೇನಿ."

ಹರಟೆ ಹೊಡೆಯಲು ಬಸ್ಸಿನ ಮೇಲೆ ಬಸ್ಸು ಹತ್ತಿ ಜೇವರ್ಗಿ, ಕಲಬುರಗಿ ದಾಟಿ ಯಾರಾದರೂ ಹೋಗುತ್ತಾರೆಯೇ? ಆದರೂ ಅವಳು ಸುಮ್ಮನಿದ್ದಳು. ಸುಮ್ಮನಿರಲು ಅವಳಿಗೆ ತನ್ನದೇ ಕಾರಣವಿತ್ತು.

ಮುಟ್ಟು ನಿಂತ ಮೇಲೆ ಗಂಡ ಹತ್ತಿರ ಬಂದರೆ ಅವಳಿಗೆ ಉರಿ, ನೋವು. ಒಂದು ದಿನ ತಲೆಶೂಲೆ ಎಂದಳು, ಇನ್ನೊಂದು ದಿನ ಮೊಣಕಾಲು ಎಂದಳು. ಜೇವರ್ಗಿ ಸೀಮೆಯ ಹೆಂಗಸರ ಹೊಟ್ಟೆನೋವೆಲ್ಲ ಕೇಳಿದ ಮನುಷ್ಯನಿಗೆ ಮನೆಯ ನೋವು ಹೇಳಲು ಅವಳಿಗೆ ನಾಲಿಗೆಯೇ ಏಳಲಿಲ್ಲ. ದೀಪದ ಬುಡಕ್ಕೆ ಕತ್ತಲೆ ಅನ್ನುವುದು ಇದಕ್ಕೇ.

ಮನೆಗೆ ಬರುತ್ತಿದ್ದ ಆಳಂದದ ವಾರಪತ್ರಿಕೆಯ ಕೊನೆಯ ಪುಟದಲ್ಲಿ 'ಅಕ್ಕ' ಎಂಬವಳು ಓದುಗರ ಗುಟ್ಟಿನ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಳು. ಬಿಳಿ ಸೆರಗು, ಮೂಲವ್ಯಾಧಿ, ಗಂಡಸರ ಅಂಜಿಕೆ, ಯಾವುದಕ್ಕೂ ಅಕ್ಕ ಮುಖ ಸಿಂಡರಿಸಿದವಳಲ್ಲ. ಕಸ್ತೂರಿಬಾಯಿ ನೆರೆಯವರ ಫೋನಿನಿಂದ, ಹೆಸರು ಹೇಳದೆ, ಪತ್ರಿಕೆಯ ನಂಬರಿಗೆ ಬರೆದು ಕಳಿಸಿದಳು: ನನ್ನ ಗಂಡನೇ ಡಾಕ್ಟರ. ಆದರೂ ಈ ಉರಿ, ನೋವು ಹೇಳಲಾರೆ, ತಲೆಶೂಲೆ, ಮೊಣಕಾಲು ಅಂತ ನೆಪ ಹೇಳುತ್ತೇನೆ. ಬೇಡ ಅಂದರೆ ಬೇರೆ ಕಡೆ ಹೋದಾರು ಅಂತ ಅಂಜಿಕೆ.

ಅಕ್ಕ ಬರೆದಿದ್ದಳು: "ತಂಗೀ, ಇದು ನಿನ್ನ ತಪ್ಪಲ್ಲ. ಮುಟ್ಟು ನಿಂತ ಮೇಲೆ ಒಳಗಿನ ಚರ್ಮ ಒಣಗಿ ತೆಳುವಾಗುವುದು ಬಹಳ ಹೆಂಗಸರಿಗೆ ಇದ್ದದ್ದೇ. ಅದಕ್ಕೆ ಮುಲಾಮು ಉಂಟು. ಲೇಡಿ ಡಾಕ್ಟರಿಗೆ ತೋರಿಸು. ಅಲ್ಲಿಯ ತನಕ ನೋವು ಸಹಿಸಿಕೊಂಡು ಮಲಗಬೇಡ."

ಆ ವಾರವೇ ದೌಲತರಾಯರು ತಮ್ಮ ಮಂಚವನ್ನು ಪಡಸಾಲೆಗೆ ಒಯ್ದರು. "ಗೊರಕಿ ಹೊಡಿತೇನಿ. ನಿನಗ ನಿದ್ದಿ ಆಗಂಗಿಲ್ಲ," ಎಂದರು. ಲಗ್ನವಾದಾಗಿನಿಂದ ಹೊಡೆದ ಗೊರಕೆ ಆ ದಿನವೇ ನೆನಪಾಯಿತೇ? ಅವಳು ಲೇಡಿ ಡಾಕ್ಟರಿಗೆ ತೋರಿಸಿದಳು, ಮುಲಾಮು ಹಚ್ಚಿದಳು, ನೋವೂ ಹೋಯಿತು. ಮಂಚ ಮಾತ್ರ ಒಳಗೆ ಬರಲಿಲ್ಲ. ಅವಳಾಗಿಯೇ ಕರೆಯಲು ನಾಚಿಕೆ. ಗುರುವಾರಗಳು ಹಾಗೇ ನಡೆದವು. ಅಂಜಿದ್ದೇ ಆಯಿತು ಎಂದುಕೊಂಡು ಎಂಟು ವರ್ಷ ಹಲ್ಲು ಕಚ್ಚಿದಳು.

*

"ಬಾ ಒಳಗ," ಎಂದು ಸುವರ್ಣಾಳ ರಟ್ಟೆ ಹಿಡಿದು ಕೋಣೆಗೆ ಎಳೆದೊಯ್ದು ಕಸ್ತೂರಿಬಾಯಿ ಬಾಗಿಲು ಹಾಕಿದಳು. "ಹೆಣ ಕುಂತದ ಹೊರಗ. ಖರೆ ಹೇಳು. ನನ್ನ ಗಂಡಗೂ ನಿನಗೂ ಏನಿತ್ತು?"

ಸುವರ್ಣಾ ಬಹಳ ಹೊತ್ತು ಅತ್ತಳು. ಆಮೇಲೆ ಎದೆಯ ಮೇಲಿನ ಸೆರಗು ಸರಿಸಿದಳು. ಕುಪ್ಪಸದ ಎಡಬದಿ ಚಪ್ಪಟೆಯಾಗಿತ್ತು.

"ಗಂಟಾಗಿತ್ರಿ. ಗಂಡಗೂ ತೋರ್ಸಿರ್ಲಿಲ್ಲ. ಪೇಪರಿನ ಅಕ್ಕಗ ಕೇಳಿದೆ. ಅಕ್ಕ ನನ್ನ ನಂಬರ್ ಹಿಡಕೊಂಡು ಮನೀಗೇ ಬಂದ್ಲು. ಬಂದ್ರ ನೋಡ್ತೇನಿ, ಗಂಡಸು! ನಮ್ಮ ಮನಿಯವ್ರ ಮುಂದ ಕುಂತು, ಕೈ ಮುಗುದು, ಸೊಲ್ಲಾಪುರಕ್ಕ ಕರ್ಕೊಂಡು ಹೋಗಪಾ ಅಂದ್ರು. ಆಪರೇಷನ್ ಆಗಿ ಉಳದೇನಿ."

"ಯಾ ಅಕ್ಕ?"

"ನಿಮ್ಮ ಯಜಮಾನ್ರೇ ರೀ. ಹೆಣ್ಣಿನ ಹೆಸರಿದ್ರ ಹೆಂಗಸ್ರು ಅಂಜಂಗಿಲ್ಲ ಅಂತ ಹಂಗ ಬರೀತಿದ್ರು. ನನ್ನ ಗಂಟಿನ ಸುದ್ದಿ ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ? ಅದಕ್ಕ ಸೀರಿ ಅಂಗಡಿ ಅಂದೆ."

ಕಸ್ತೂರಿಬಾಯಿಗೆ ತಾನು ಕಳಿಸಿದ ಪ್ರಶ್ನೆ ನೆನಪಾಯಿತು. ಹಾಗಾದರೆ ಓದಿದ್ದಾರೆ! ಅವಳ ಉರಿ, ಅವಳ ನೋವು, ಬೇರೆ ಕಡೆ ಹೋದಾರು ಎಂಬ ಮಾತು, ಎಲ್ಲವನ್ನೂ ಓದಿದ್ದಾರೆ. ಮೊದಲು ಮೈಯೆಲ್ಲ ನಾಚಿಕೆಯಾಯಿತು, ಹಿಂದೆಯೇ ಸಿಟ್ಟು ಬಂತು. ಗೊತ್ತಿದ್ದೂ ಒಂದು ಮಾತು ಆಡಲಿಲ್ಲವಲ್ಲ ಈ ಮನುಷ್ಯ.

ಆ ವಾರಪತ್ರಿಕೆ ಅಚ್ಚಾಗುತ್ತಿದ್ದುದು ಹುಸೇನಪೀರನ ಪ್ರೆಸ್ಸಿನಲ್ಲೇ. ಆಳಂದದಿಂದ ಬಂದಿದ್ದ ಅವನು ಬೇವಿನ ಗಿಡದ ಕೆಳಗೆ ಟೊಪ್ಪಿಗೆ ಕೈಯಲ್ಲಿ ಹಿಡಿದು ಕುಳಿತಿದ್ದ. ಅವಳು ಮಂದಿಯ ನಡುವೆಯೇ ಹಾಯ್ದು ಅವನ ಮುಂದೆ ನಿಂತಳು.

"ಹುಸೇನಣ್ಣಾ, ಗಂಡ ಡಾಕ್ಟರ ಇದ್ದಾಕಿ ಒಬ್ಬಾಕಿ ಅಕ್ಕಗ ಕೇಳಿದ್ಲಲ್ಲ. ಅದನ್ನ ಓದಿ ಇವ್ರು ಏನಂದ್ರು?"

ಹುಸೇನಪೀರ ಅವಳ ಮುಖ ನೋಡದೆ, ದನಿ ತಗ್ಗಿಸಿ ಹೇಳಿದ. "ಯಾವಾಗ್ಲೂ ಪಟಾಪಟ್ ಬರಿಯಾಂವ, ಅವತ್ತು ಸಂಜೀ ಮಟ ಪೆನ್ ಹಿಡಕೊಂಡು ಕುಂತಿದ್ದ. 'ಪೀರ, ಅಕ್ಕಗ ಹೇಳಿದ್ದು ಗಂಡಗ ಹೇಳಿದಂಗ ಆಗ್ತದೇನೋ?' ಅಂದ. ಹೆಂಗ ಆಗ್ತದಪಾ, ಅಕ್ಕನ ಗುಟ್ಟು ಅಕ್ಕನ ಹಂತ್ಯಾಕೇ ಇರಬೇಕು ಅಂದೆ. 'ಹಂಗಾದ್ರ ಗಂಡಗ ಇದು ಗೊತ್ತೇ ಇಲ್ಲ. ಆಕೀ ತಾನಾಗಿ ಕರಿಯೋ ಮಟ ಆಂವ ಹೊರಗೇ ಇರಬೇಕು,' ಅಂದ."

"ಆಮ್ಯಾಲ?"

"ಗುರುವಾರ ಬಂದಾಗೆಲ್ಲ ಕೇಳ್ತಿದ್ದೆ, ಕರದ್ಲೇನೋ ಅಂತ. ಇನ್ನೂ ಇಲ್ಲ ಅಂತ ನಗ್ತಿದ್ದ."

ಕಸ್ತೂರಿಬಾಯಿ ಒಳಗೆ ಹೋಗಿ ತಟ್ಟೆ ತಂದಳು. ಗಂಡನ ಮುಂದೆ ಮೊಣಕಾಲೂರಿ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದಳು.

"ಬಾಗಿಲದಾಗ ನಿಂತು ಒಮ್ಮೆ ಕೆಮ್ಮಿದ್ರೂ ನಾ ಕರೀತಿದ್ನಲ್ರೀ," ಎಂದಳು. ಆಮೇಲೆ ದನಿ ತೆಗೆದು ಅತ್ತಳು. ಸುವರ್ಣಾ ಅವಳ ಬೆನ್ನ ಮೇಲೆ ಕೈಯಿಟ್ಟಳು. ಗಂಗಾಬಾಯಿ ಕಣ್ಣು ಕಿರಿದು ಮಾಡಿ ಇಬ್ಬರನ್ನೂ ನೋಡಿದಳು. ಅವಳ ಸಂಶಯ ತೀರಿರಲಿಲ್ಲ. ತೀರಿಸುವ ಗೋಜಿಗೂ ಯಾರೂ ಹೋಗಲಿಲ್ಲ.

*

ಮಣ್ಣು ಕೊಟ್ಟು ಮಂದಿ ಮರಳಿದಾಗ ಹೊತ್ತು ಮುಳುಗುತ್ತಿತ್ತು. ಗಂಗಾಬಾಯಿ ಅಂಗಳದಲ್ಲಿ ನೀರು ಹೊಡೆಯುತ್ತ ಸುನೀಲಕುಮಾರನಿಗೆ ಹೇಳಿದಳು:

"ನಿಮ್ಮಪ್ಪನ ಮಂಚ ಊರ ಅಗಸಿ ಬಾಗಿಲ ಹೊರಗ ಇಟ್ಟು ಬಾ. ಯಾರರ ಒಯ್ತಾರ."

"ಹೊರಗಲ್ಲ, ಒಳಗ ತಾ," ಎಂದಳು ಕಸ್ತೂರಿಬಾಯಿ.

"ವೈನೀ! ತಲಿ ಕೆಟ್ಟದೇನ? ಸತ್ತವನ ಮಂಚ ಯಾರರ ಒಳಗ ತರ್ತಾರೇನ?"

"ನಾ ಕರ್ಯಾಕತ್ತೇನಿ. ಬರ್ಲಿ."

ಸುನೀಲಕುಮಾರ ಮಂಚದ ಒಂದು ತುದಿ ಹಿಡಿದ. ಹುಸೇನಪೀರ ಟೊಪ್ಪಿಗೆ ಜೇಬಿಗೆ ತುರುಕಿ ಮಂಚದ ಇನ್ನೊಂದು ತುದಿ ಎತ್ತಿದ. ಇಬ್ಬರೂ ಅಡ್ಡ ಮಾಡಿ ನೂಕಿದರು. ಮಂಚ ಅರ್ಧ ಒಳಗೆ ಹೋಗಿ, ಹಿಂದಿನ ಕಾಲು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡು ನಿಂತಿತು.

"ಹೋಗವಲ್ದು ಯವ್ವಾ," ಎಂದ ಮಗ.

ಕಸ್ತೂರಿಬಾಯಿ ಒಳಗೆ ನಿಂತು, ಸೆರಗು ಸೊಂಟಕ್ಕೆ ಕಟ್ಟಿ, ಮಂಚದ ಮುಂದಿನ ಕಾಲುಗಳನ್ನು ಎರಡೂ ಕೈಯಿಂದ ಹಿಡಿದು ತನ್ನತ್ತ ಎಳೆಯುತ್ತಿದ್ದಳು.