ಏಳು ಕಂಬಗಳ ಪರದೆ

ಮುರಿದ ಕಂಬ ಎಡಗಡೆ ಇತ್ತು.

ಆಕೆ ಕನ್ನಡಕ ತೆಗೆದು ಶಾಲಿನ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ಎಡಗಡೆಯೇ. ಅಲ್ಲಿಂದ ಬಲಕ್ಕೆ ಆರು ಕಂಬಗಳು ತಲೆಯ ಮೇಲೆ ಯಾವ ಭಾರವೂ ಇಲ್ಲದೆ ಸಾಲಾಗಿ ನಿಂತಿದ್ದವು. ಕೊನೆಯದರ ಆಚೆ ಗುಡ್ಡ ಇಳಿದು, ಕೆಳಗೆ ಸಮುದ್ರ. ಊರಿನ ತಮ್ಮ ಫೋಟೋ ಸ್ಟುಡಿಯೋದಲ್ಲಿ ಬಿಡಿಸಿದ್ದ ಪರದೆಯಲ್ಲಿ ಹಾಗಿರಲಿಲ್ಲ. ನಲವತ್ತು ವರ್ಷ ದಿನ ಬೆಳಗಾದರೆ ಆಕೆ ಧೂಳು ಹೊಡೆಯುತ್ತಿದ್ದ ಆ ಪರದೆಯಲ್ಲಿ ಮುರಿದ ಕಂಬ ಬಲಗಡೆ, ಸಮುದ್ರ ಎಡಗಡೆ.

"ಎರಡು ಸಾವಿರ ವರ್ಷದಿಂದ ಹೀಗೇ ನಿಂತಿವೆ," ಎನ್ನುತ್ತಿದ್ದಳು ಗೈಡ್, ಮಡಚಿದ ಕೊಡೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು.

"ಯಾವಾಗ್ಲಾದ್ರೂ ಕಿತ್ತು ಆ ಕಡೇದು ಈ ಕಡೆ ನಿಲ್ಲಿಸಿದ್ರಾ?" ಎಂದು ಆಕೆ ಕೇಳಿದಳು.

"ಕಂಬಗಳಮ್ಮಾ ಇವು, ಕುರ್ಚಿಗಳಲ್ಲ!"

ಪ್ರವಾಸದ ಗುಂಪು ಗೊಳ್ಳೆಂದು ನಕ್ಕಿತು. ಆಕೆಯೂ ನಕ್ಕಳು. ನಕ್ಕ ಮೇಲೆ, ಬಿಸಿಲಿಗೆ ಕಾದಿದ್ದ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟಳು.

ಆಕೆಯ ಗಂಡ ಫೋಟೋ ಸ್ಟುಡಿಯೋ ಇಟ್ಟವರು. ಊರಿಗೆಲ್ಲ ಅವರು ಸ್ಟುಡಿಯೋದವರು, ಆಕೆ ಸ್ಟುಡಿಯೋದಮ್ಮ. ಮದುವೆಯಾದ ಎರಡನೇ ತಿಂಗಳಲ್ಲಿ, ಹಡಗಿನಲ್ಲಿ ಕೆಲಸಕ್ಕಿದ್ದ ಗಿರಾಕಿಯೊಬ್ಬ ತಾನು ತೆಗೆದ ಸ್ಲೈಡ್ ಒಂದನ್ನು ತಂದು ತೋರಿಸಿದ. ಅಂಚೆಚೀಟಿಯಷ್ಟು ಫಿಲ್ಮಿನಲ್ಲಿ ಏಳು ಕಂಬ, ಆಕಾಶ, ಸಮುದ್ರ. ಸ್ಟುಡಿಯೋದವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಊಟ ಮರೆತು ನಿಂತರು. ಎರಡು ದಿನಕ್ಕೆಂದು ಬೇಡಿ ಇಟ್ಟುಕೊಂಡರು. ಅದನ್ನು ಪ್ರೊಜೆಕ್ಟರಿನಿಂದ, ಫೋಟೋದ ಹಿನ್ನೆಲೆಗೆ ಕಟ್ಟುವ ಬಟ್ಟೆಯ ಮೇಲೆ ಬೀಳಿಸಿ, ಇದ್ದಿಲಿನಲ್ಲಿ ಗೆರೆ ಎಳೆದು, ಆಮೇಲೆ ಬಣ್ಣ ತುಂಬುವುದೆಂದು ಲೆಕ್ಕ.

ಸ್ಲೈಡಿನ ರಟ್ಟಿನ ಚೌಕಟ್ಟು ಹರಿದಿತ್ತು. ಹೊಸ ಚೌಕಟ್ಟಿಗೆ ಕೂರಿಸುವ ಕೆಲಸ ಹೊಸ ಹೆಂಡತಿಯ ಪಾಲಿಗೆ ಬಂತು. ಫಿಲ್ಮಿಗೆ ಎರಡು ಮುಖ. ಒಂದು ಹೊಳೆಯುತ್ತದೆ, ಇನ್ನೊಂದು ಮಂಕು. ಮಂಕು ಮುಖ ಬಟ್ಟೆಯ ಕಡೆಗಿರಬೇಕು, ಇಲ್ಲವಾದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬೀಳುತ್ತದೆ. ಆ ಕಸುಬಿನಲ್ಲಿ ಇದು ಅ ಆ ಇ ಈ. ಆದರೆ ಆಕೆಗೆ ಆಗಿನ್ನೂ ಗೊತ್ತಿರಲಿಲ್ಲ, ಕೇಳಲು ನಾಚಿಕೆ. "ಹಾಕಿದ್ಯಾ?" ಎಂದು ಅವರು ಏಣಿಯ ಮೇಲಿಂದ ಕೂಗಿದರು. "ಹಾಕ್ದೆ," ಎಂದಳು. ಬಿಳಿ ಬಟ್ಟೆಯ ಮೇಲೆ ಏಳು ಕಂಬಗಳು ಎದ್ದು ನಿಂತವು. ಅವರು ಏಣಿಯ ಮೇಲೆಯೇ ಒಂದು ಶಿಳ್ಳೆ ಹಾಕಿದರು. ಬಣ್ಣ ಮುಗಿಯಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಹಡಗಿನವನು ಸ್ಲೈಡ್ ತೆಗೆದುಕೊಂಡು ಹೋಗಿದ್ದ, ಮತ್ತೆಂದೂ ಬರಲಿಲ್ಲ.

ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ಈಗಲೂ ಆ ಏಳು ಕಂಬಗಳಿವೆ. ಅವುಗಳ ಮುಂದೆ ಮದುಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದಾರೆ, ಹಲ್ಲಿಲ್ಲದ ಕೂಸುಗಳು ಅತ್ತಿವೆ, ಬೀಗರು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದಾರೆ. ಆಕೆಯೂ ಕೆಲಸ ಕಲಿತಳು, ಡಾರ್ಕ್ ರೂಮು ಪೂರ್ತಿ ಆಕೆಯ ಕೈಗೆ ಬಂತು. ಎಂದಾದರೂ ನೆಗೆಟಿವ್ ತಿರುವುಮುರುವಾಗಿ ಬಿದ್ದರೆ ಅವರು ಒಂದೇ ನೋಟಕ್ಕೆ ಹಿಡಿಯುತ್ತಿದ್ದರು. ಗಡಿಯಾರ ಯಾವ ಕೈಗೆ, ಬೈತಲೆ ಯಾವ ಕಡೆಗೆ ಎಂದು ನೋಡಿದರಾಯಿತು. ಗಿರಾಕಿಗಳ ಮೊಡವೆ, ಕಲೆ, ಮಚ್ಚೆಗಳನ್ನೆಲ್ಲ ಬ್ಲೇಡಿನ ತುದಿಯಿಂದ ಹೆರೆದು, ಕೂದಲೆಳೆಯಂಥ ಬ್ರಷ್ಷನ್ನು ತುಟಿಗೆ ತಾಗಿಸಿ ಒದ್ದೆ ಮಾಡಿಕೊಂಡು ತಿದ್ದುವುದು ಅವರ ಕೆಲಸ. ಹೆಂಡತಿಯ ಎಡಗೆನ್ನೆಯ ಮಚ್ಚೆಯೊಂದನ್ನು ಮಾತ್ರ ಯಾವ ಫೋಟೋದಲ್ಲೂ ಮುಟ್ಟಲಿಲ್ಲ. "ಅದಿಲ್ದಿದ್ರೆ ನೀನೇ ಅಂತ ಹೇಗೆ ಗುರುತು ಹಿಡೀಲಿ?" ಎನ್ನುತ್ತಿದ್ದರು.

ಇಪ್ಪತ್ತು ವರ್ಷದ ಹಿಂದೆ, ದೇಶ ಸುತ್ತಿ ಬಂದಿದ್ದ ಒಬ್ಬ ದೊಡ್ಡ ಮನುಷ್ಯ ಪರದೆಯನ್ನು ನೋಡಿ, "ನಾನು ಅಲ್ಲಿಗೆ ಹೋಗಿದ್ದೀನ್ರೀ. ಇದರಲ್ಲಿ ಏನೋ ಸರಿ ಇಲ್ಲ," ಎಂದ. ಏನು ಎಂದು ಕೇಳಿದರೆ ಅವನಿಗೂ ಹೇಳಲಾಗಲಿಲ್ಲ. ಸ್ಟುಡಿಯೋದವರಿಗೆ ಕೋಪ ಮೂಗಿನ ತುದಿಯಲ್ಲೇ. ಅವನನ್ನು ಫೋಟೋ ತೆಗೆಯದೆಯೇ ಎಬ್ಬಿಸಿ ಕಳಿಸಿದರು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಪುಸ್ತಕಗಳಲ್ಲಿ ಹುಡುಕಿದರು, ಸಿಕ್ಕಿದ್ದೆಲ್ಲ ಸಮುದ್ರದ ಕಡೆಯಿಂದ ತೆಗೆದ ಚಿತ್ರಗಳು, ಕಂಬಗಳು ಒಂದರ ಹಿಂದೊಂದು ಅಡಗಿದ್ದವು. ಒಂದಲ್ಲ ಒಂದು ದಿನ ಇಬ್ಬರೂ ಹೋಗಿ ಕಣ್ಣಾರೆ ನೋಡಿ ಬರೋಣ ಎಂದು ಇಪ್ಪತ್ತು ವರ್ಷ ಹೇಳಿದರು. ಎರಡು ಟಿಕೆಟ್ ಕೈಗೆ ಬಂದ ತಿಂಗಳಲ್ಲೇ ಅವರ ಶ್ವಾಸಕೋಶ ಕೈಕೊಟ್ಟಿತು. ಇನ್ನು ವಾರಗಳ ಮಾತು ಎಂದು ಡಾಕ್ಟರು ಆಕೆಯನ್ನು ಹೊರಗೆ ಕರೆದು ಹೇಳಿದರು.

ನಾನು ಹೋಗಲ್ಲ ಎಂದು ಆಕೆ ಹಟ ಹಿಡಿದಳು. "ಹೋಗಿ ಬಾ ಇವಳೇ," ಎಂದರು ಅವರು, ಒಂದೊಂದು ಮಾತಿಗೂ ಉಸಿರು ಹುಡುಕುತ್ತ. "ತಂಗಿ ಇದ್ದಾಳೆ ನನ್ನ ನೋಡ್ಕೊಳ್ಳೋಕೆ. ನಾನು ಸರಿಯಾಗಿ ಬಿಡಿಸಿದ್ನಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು. ಬಾಯಲ್ಲಿ ಹೇಳಿದ್ರೆ ನಂಬಲ್ಲ. ಅದರ ಮುಂದೆ ನಿಂತು ಒಂದು ಫೋಟೋ ತೆಗೆಸ್ಕೊಂಡು ಬಾ." ತಮ್ಮ ಹಳೆಯ ಕ್ಯಾಮೆರಾಗೆ ತಾವೇ ರೀಲು ತುಂಬಿ, ತಮ್ಮ ಕೈಗಡಿಯಾರ ಬಿಚ್ಚಿ ಆಕೆಯ ಎಡಗೈಗೆ ಕಟ್ಟಿದರು.

ಆ ಗಡಿಯಾರದಲ್ಲಿ ಈಗ ಹನ್ನೊಂದೂಕಾಲು. ಬಸ್ಸು ಹೊರಡಲು ಅರ್ಧ ಗಂಟೆ ಇತ್ತು. ಜನ ಕಲ್ಲಿನಿಂದ ಕಲ್ಲಿಗೆ ದಾಟುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಿದ್ದದ್ದನ್ನು ನೋಡಲು ಎಷ್ಟು ದೂರದಿಂದ ಬರುತ್ತಾರಪ್ಪ ಎನ್ನಿಸಿತು ಆಕೆಗೆ. ಛಾವಣಿ ಇದ್ದಾಗ ಇದೂ ಒಂದು ಕಟ್ಟಡ, ಒಳಗೆ ಕಸ ಗುಡಿಸುವವರಿದ್ದರು, ಮೆಟ್ಟಿಲ ಮೇಲೆ ಹರಟೆ ಹೊಡೆಯುವವರಿದ್ದರು. ಮೆಟ್ಟಿಲಿನ ನಡುಭಾಗ ಸವೆದು ತಗ್ಗಾಗಿತ್ತು. ಆ ಸವೆತ ಪರದೆಯಲ್ಲೂ ಇದೆ. ಮೂರನೇ ಕಂಬದ ಸೀಳು ಇದೆ, ಮುರಿದ ಕಂಬದ ಬುಡಕ್ಕೆ ಒರಗಿದ ನೆರಳಿದೆ. ಯಾವುದನ್ನೂ ಅವರು ಬಿಟ್ಟಿರಲಿಲ್ಲ. ಎಲ್ಲವನ್ನೂ ಅಷ್ಟು ನಿಯತ್ತಿನಿಂದ ಬಿಡಿಸಿದ್ದರು, ಎಲ್ಲವೂ ತಿರುವುಮುರುವು. ತಪ್ಪು ಅವರದಲ್ಲ. ಆ ದಿನ ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆಕೆಗೆ ಅಳು ಒತ್ತರಿಸಿ ಬಂತು. ಇವರಿಲ್ಲದೆ ಇದನ್ನು ನೋಡಲು ಬಂದೆನಲ್ಲ ಎಂದು ಒಂದು ಸಲ ಅತ್ತಳು, ನೋಡಿದೆನಲ್ಲ ಎಂದು ಇನ್ನೊಂದು ಸಲ.

"ಏನ್ರೀ ಸ್ಟುಡಿಯೋದೋರೇ, ಬಿಸಿಲು ಜಾಸ್ತಿ ಆಯ್ತಾ?" ಬಸ್ಸಿನಲ್ಲಿ ಪಕ್ಕದ ಸೀಟಿನ ನಿವೃತ್ತ ಹೆಡ್‌ಮಿಸ್ಟ್ರೆಸ್ ನೀರಿನ ಬಾಟಲಿ ಚಾಚಿದರು.

ಆಕೆ ಎರಡು ಗುಟುಕು ಕುಡಿದು ಎದ್ದಳು. "ಒಂದು ಫೋಟೋ ತೆಗೀತೀರಾ? ಒಂದು ನಿಮಿಷ ಇರಿ."

ಬಾಚಣಿಗೆ ತೆಗೆದು, ನಲವತ್ತು ವರ್ಷದ ಎಡ ಬೈತಲೆಯನ್ನು ಅಳಿಸಿ ಬಲಕ್ಕೆ ತೆಗೆದಳು. ಕೂದಲು ಮಾತು ಕೇಳಲಿಲ್ಲ. ನೀರು ಹಚ್ಚಿ ಕೂರಿಸಿದಳು. ಸೆರಗು ಮುಚ್ಚುವಂತೆ ಶಾಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿದಳು. ಗಡಿಯಾರ ಬಿಚ್ಚಿ ಬಲಗೈಗೆ ಕಟ್ಟಿ, ಮುಳ್ಳುಗಳು ಕಾಣದಂತೆ ಅದರ ಮುಖವನ್ನು ಒಳಕ್ಕೆ ತಿರುಗಿಸಿದಳು.

"ಯಾರನ್ನ ಏಮಾರಿಸೋಕ್ರೀ ಈ ವೇಷ?" ಎಂದು ಹೆಡ್‌ಮಿಸ್ಟ್ರೆಸ್ ನಕ್ಕರು.

"ನಮ್ಮೋರನ್ನ," ಎಂದಳು ಆಕೆ.

ಮನೆ ತಲುಪಿದಾಗ ನಾದಿನಿ ಬಾಗಿಲಲ್ಲೇ ಕಾಯುತ್ತಿದ್ದಳು. "ಊಟ ಬಿಟ್ಟು ಎರಡು ದಿನ ಆಯ್ತು ಅತ್ತಿಗೆ. ಬಂದ್ಲಾ, ಬಂದ್ಲಾ ಅಂತ ಒಂದೇ ಜಪ." ಸ್ಟುಡಿಯೋದವರು ಮೂರು ದಿಂಬಿಗೆ ಒರಗಿ ಕೂತಿದ್ದರು. ಹೇಗಿತ್ತು ಎಂದು ಕೇಳಲಿಲ್ಲ. ಕ್ಯಾಮೆರಾದ ಕಡೆ ಕೈ ತೋರಿಸಿದರು ಅಷ್ಟೆ.

ಆಕೆ ಕಾಲು ತೊಳೆದವಳೇ ಡಾರ್ಕ್ ರೂಮಿಗೆ ಹೋದಳು. ರೀಲು ತೊಳೆದು ಒಣಗಿಸಿ, ಕೆಂಪು ದೀಪದ ಕೆಳಗೆ, ಹೊಳೆಯುವ ಮುಖ ಯಾವುದು, ಮಂಕು ಮುಖ ಯಾವುದು ಎಂದು ಬೆರಳಲ್ಲೇ ನೋಡಿಕೊಂಡು, ಈ ಸಲ ನೆಗೆಟಿವನ್ನು ಬೇಕೆಂದೇ ತಪ್ಪಾಗಿ ಹಾಕಿದಳು. ರಾಸಾಯನಿಕದ ತಟ್ಟೆಯಲ್ಲಿ ಕಾಗದದ ಮೇಲೆ ಕಂಬಗಳು ಒಂದೊಂದಾಗಿ ಮೂಡಿದವು. ಮುರಿದದ್ದು ಬಲಗಡೆ, ಸಮುದ್ರ ಎಡಗಡೆ. ನಡುವೆ ಆಕೆ ನಿಂತಿದ್ದಳು, ಗಡಿಯಾರ ಎಡಗೈಯಲ್ಲಿ, ಬೈತಲೆ ಎಡಕ್ಕೆ.

ಒಣಗಿದ ಫೋಟೋವನ್ನು ಅವರ ತೊಡೆಯ ಮೇಲಿಟ್ಟಳು. ಅವರು ಭೂತಗನ್ನಡಿ ಕೇಳಿ ತೆಗೆದುಕೊಂಡರು. ಗಾಜು ಮೊದಲು ಮುರಿದ ಕಂಬದ ಮೇಲೆ ನಿಂತಿತು, ಆಮೇಲೆ ಅದರ ಬುಡದ ನೆರಳಿಗೆ, ಸೀಳಿಗೆ, ಮೆಟ್ಟಿಲ ಸವೆತಕ್ಕೆ ಹೋಯಿತು.

"ನೋಡಿದ್ಯಾ, ನೆರಳು ಕೂಡ," ಎಂದರು. ಮುಖ ಅರಳಿತ್ತು. ಎಷ್ಟೋ ದಿನದ ಮೇಲೆ ಒಂದು ಉಸಿರು ಪೂರ್ತಿ ಒಳಗೆ ಹೋದಂತೆ ಕಂಡಿತು. ಆಕೆಗೆ ಎದೆಯ ಮೇಲಿಂದ ಕಲ್ಲು ಇಳಿಸಿದಂತಾಯಿತು.

ಭೂತಗನ್ನಡಿ ಮೆಲ್ಲಗೆ ಫೋಟೋದೊಳಗಿನ ಆಕೆಯ ಮೇಲೆ ಬಂತು. ಕೈ, ಶಾಲು, ಕೂದಲು. ಮುಖದ ಮೇಲೆ ನಿಂತಿತು. ಅವರು ಕಣ್ಣೆತ್ತಿ ಎದುರಿಗಿದ್ದ ಹೆಂಡತಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಅವರ ಮುಖದಲ್ಲಿದ್ದ ನಗು ಹಾಗೇ ಇತ್ತು, ಆದರೆ ಕಣ್ಣು ಅದರ ಜೊತೆಗಿರಲಿಲ್ಲ. ಆಕೆಯ ಕೈ ತಾನಾಗಿ ಎಡಗೆನ್ನೆಯ ಮಚ್ಚೆಗೆ ಹೋಯಿತು. ಎಲ್ಲ ನೆನಪಿತ್ತು, ಇದೊಂದನ್ನು ಮರೆತಿದ್ದಳು. ಫೋಟೋದಲ್ಲಿ ಅದು ಬಲಗೆನ್ನೆಯ ಮೇಲಿತ್ತು.

"ರೀ..." ಎಂದಳು.

ಅವರು ಭೂತಗನ್ನಡಿ ಕೆಳಗಿಟ್ಟರು. ಹಾಸಿಗೆಯ ಎದುರಿನ ಬಾಗಿಲಾಚೆ ಸ್ಟುಡಿಯೋ. ಅಲ್ಲಿ ಪರದೆ ಅರ್ಧ ಕಾಣುತ್ತಿತ್ತು. ಅದನ್ನೇ ನೋಡುತ್ತಿದ್ದರು.

"ಗಂಟಲು ಒಣಗಿದೆ ಇವಳೇ. ಸ್ವಲ್ಪ ಬಿಸಿನೀರು ಕಾಯಿಸ್ಕೊಂಡು ಬಾ," ಎಂದರು ಕೊನೆಗೆ. "ಹೋಗೋ ಮುಂಚೆ ನನ್ನ ಬ್ರಷ್ಷಿನ ಪೆಟ್ಟಿಗೆ ಇಲ್ಲಿ ಇಟ್ಟು ಹೋಗು."

ಆಕೆ ಪೆಟ್ಟಿಗೆ ಕೊಟ್ಟು ಅಡುಗೆಮನೆಗೆ ಹೋದಳು. ನೀರು ಕುದಿದು ಮುಗಿದರೂ ಒಲೆಯ ಮುಂದೆಯೇ ನಿಂತಿದ್ದಳು. ಕಾಗದದ ಮೇಲೆ ಬ್ಲೇಡಿನ ತುದಿ ಹೆರೆಯುವ ಸದ್ದು ತುಸು ಹೊತ್ತು ಕೇಳಿತು, ಮಧ್ಯೆ ಕೆಮ್ಮು, ಮತ್ತೆ ಸದ್ದು. ಆಮೇಲೆ ಏನೂ ಕೇಳಲಿಲ್ಲ. ಲೋಟ ಹಿಡಿದು ಮೆಲ್ಲಗೆ ಒಳಗೆ ಬಂದಳು.

ಪೆಟ್ಟಿಗೆ ಮುಚ್ಚಿತ್ತು. ಅವರು ಫೋಟೋವನ್ನು ಅಂಚಿನಲ್ಲಿ ಹಿಡಿದು ಆಕೆಯ ಕಡೆ ಚಾಚಿದರು. ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆಯ ಮೇಲೆ, ಇರಬೇಕಾದ ಜಾಗದಲ್ಲೇ, ಇರಬೇಕಾದಷ್ಟೇ ದೊಡ್ಡದಾಗಿ, ಮಚ್ಚೆ ಇತ್ತು. ಅದರ ಮಸಿ ಇನ್ನೂ ಆರಿರಲಿಲ್ಲ.

"ಪರದೆ ಪಕ್ಕದಲ್ಲೇ ಹಾಕಿಸು, ಬಂದೋರಿಗೆ ಕಾಣೋ ಹಾಗೆ," ಎಂದರು. "ಸರಿಯಾಗೇ ಬಿಡಿಸಿದ್ದೆ. ಅಲ್ವಾ?"

"ಹೂಂ," ಎಂದಳು ಆಕೆ. "ಥೇಟ್ ಹಾಗೇ ಇದೆ."

ಅವರು ನೀರಿಗೆ ಕೈ ಚಾಚಿದರು. ಬ್ರಷ್ಷನ್ನು ಒದ್ದೆ ಮಾಡಿಕೊಂಡಿದ್ದ ಕೆಳತುಟಿಯ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಮಸಿ ಉಳಿದಿತ್ತು. ಆಕೆ ಶಾಲಿನ ಅಂಚನ್ನು ಎತ್ತಿಕೊಂಡಳು. ಒರೆಸಲಿಲ್ಲ. ಲೋಟವನ್ನೇ ಅವರ ತುಟಿಗೆ ಹಿಡಿದಳು.