ಹೂಂಗುಟ್ಟುವವಳು

ಕಾಲಡಿಯ ನೆಲ ಜಾರಿಹೋಗುತ್ತಿರುವಾಗ ಮೊದಲು ಕಾಣಿಸುವುದು ಟಿಕೆಟ್ ಗೂಡಿನ ಮಾಡಿಗೆ ಹೊದಿಸಿದ ನೀಲಿ ಟಾರ್ಪಾಲು, ಅದರ ಹೊಟ್ಟೆಯಲ್ಲಿ ನಿಂತ ಮಳೆನೀರು, ನೀರಿನಲ್ಲಿ ಅಂಗಾತ ಬಿದ್ದ ಒಂಟಿ ಚಪ್ಪಲಿ — ಜಾಯಿಂಟ್ ವ್ಹೀಲಿನ ಇದೇ ತೊಟ್ಟಿಲಿನಿಂದ ಜಾರಿ ಬಿದ್ದಿರಬೇಕು, ಇಳಿದ ಮೇಲೆ ಅವಳು ಕುಂಟುತ್ತ ಸಿಗಂದೂರಿಗೆ ಹೋಗಿ ದೇವಿಗೆ ಕೈಮುಗಿದಿರಬೇಕು, ಅವಳೇ ಎಂದು ಯಾಕೆ ಅಂದುಕೊಂಡೆ, ಅವನದ್ದೂ ಆಗಿರಬಹುದಲ್ಲ — ಅಷ್ಟರಲ್ಲಿ ಟಾರ್ಪಾಲು ಅಂಗೈಯಷ್ಟಾಯಿತು, ಡ್ಯಾಶಿಂಗ್ ಕಾರಿನ ತಗಡಿನ ಮಾಡು, ಕೊಲಂಬಸ್ ದೋಣಿಯ ಬಣ್ಣ ಹೋದ ಮೂತಿ, ಇಡೀ ಪಾರ್ಕು ಒಂದು ತಟ್ಟೆಯಷ್ಟಾಗಿ ಕೆಳಗೆ, ಪಕ್ಕದಲ್ಲಿ ಇವರು, ಉಮೇಶ್, ನನ್ನ ಗಂಡ, ಕಣ್ಣು ಗಟ್ಟಿಯಾಗಿ ಮುಚ್ಚಿ ಅಡ್ಡಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ, ಎತ್ತರ ಎಂದರೆ ಆಗದವರು, ಏಣಿ ಹತ್ತಿ ಬಲ್ಬು ಹಾಕಲೂ ನನ್ನನ್ನೇ ಕರೆಯುವವರು. ನಿನ್ ಸಲುವಾಗಿ ಜೀವ ಕೈಯಲ್ಲಿ ಹಿಡ್ಕಂಡು ಹತ್ತತಿದೀನಿ ನೋಡು ಮಾರಾಯ್ತಿ, ನಾ ಸತ್ರೆ ಈ ಜಟ್ಟಿಂಗಪ್ಪನ್ನೇ ಹಿಡ್ಕ, ಅಂದರು ಹತ್ತುವಾಗ, ತೊಟ್ಟಿಲು ತಿರುಗಿಸುವ ಜಟ್ಟಿಂಗಪ್ಪ ಮಳೆಗೆ ತಲೆಯಿಂದ ಹೊದ್ದ ಪ್ಲಾಸ್ಟಿಕ್ ಕೊಪ್ಪೆಯೊಳಗಿಂದ ನಕ್ಕ, ಯಜಮಾನ್ರೇ, ಇದ್ರಲ್ಲಿ ಕೂತು ಸತ್ತೋರಿಲ್ಲ, ಕೂಗಿ ಕೂಗಿ ಗಂಟಲು ಹೋದೋರಿದಾರೆ ಅಷ್ಟೇ, ಅಕ್ಕಾರೇ ಆ ಫೈಲು ನನ್ ಹತ್ರ ಕೊಟ್ಟು ಹೋಗಿ. ಕೊಡಲಿಲ್ಲ. ಅಕ್ಕಿಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮಡಿಲಲ್ಲಿಟ್ಟುಕೊಂಡಿದ್ದೇನೆ, ಎಸ್ಸೆಸ್ಸೆಲ್ಸಿ, ಪಿಯುಸಿ, ಲೈಬ್ರರಿ ಕೋರ್ಸಿನ ಸರ್ಟಿಫಿಕೇಟು, ಜಾತಿ ಪ್ರಮಾಣಪತ್ರ, ನಾಲ್ಕು ಫೋಟೋ, ಮೇಲುಗಡೆ ಆ ಕಾಗದ: ಮೂಲ ದಾಖಲೆಗಳ ಪರಿಶೀಲನೆ, ಶಿವಮೊಗ್ಗ, ಸೋಮವಾರ ಸಂಜೆ ನಾಲ್ಕರೊಳಗೆ, ಹಾಜರಾಗದಿದ್ದಲ್ಲಿ ಮುಂದಿನ ಅಭ್ಯರ್ಥಿಯನ್ನು ಪರಿಗಣಿಸಲಾಗುವುದು. ಇವತ್ತು ಸೋಮವಾರ. ತೊಟ್ಟಿಲಲ್ಲೂ ಫೈಲು ಎಂತಕ್ಕೆ, ಲಾಂಚೇ ಇಲ್ದೆ ಇದ್ಮೇಲೆ, ಎಂದು ಇವರು ಮೆತ್ತಗೆ ಅಂದಾಗ ಹೂಂ ಅಂದೆ, ಅಂದರೂ ಕೊಡಲಿಲ್ಲ.

ಶುಕ್ರವಾರ ಬೈಕನ್ನು ಲಾಂಚಿಗೆ ಹತ್ತಿಸಿ ಹೊಳೆ ದಾಟಿದಾಗ ಮಳೆ ಇನ್ನೂ ಸಣ್ಣಗಿತ್ತು, ಮದುವೆ ಆಗಿ ಒಂದೂವರೆ ವರ್ಷ, ಎಲ್ಲಿಗೂ ಕರ್ಕಂಡ್ ಹೋಗ್ಲಿಲ್ಲ ಅಂತ ನಾಳೆ ಆಡ್ಕಬೇಡ, ಎರಡು ದಿನ ದ್ವೀಪದಲ್ಲಿ ಇದ್ದು ಬರಣ, ಭಾನುವಾರ ಸಂಜೆ ಸಾಗರ, ಸೋಮವಾರ ನಿನ್ನ ಶಿವಮೊಗ್ಗ, ಸೈ ಅಲ್ವಾ? ಹೂಂ. ಮೂರು ಕಡೆ ಹಿನ್ನೀರು, ನಾಲ್ಕನೆಯ ಕಡೆ ಕಾಡು ಮತ್ತು ಘಟ್ಟ, ನಕಾಶೆಯಲ್ಲಿ ಅಲ್ಲದಿದ್ದರೂ ಎಲ್ಲರ ಬಾಯಲ್ಲಿ ಇದು ದ್ವೀಪವೇ, ದ್ವೀಪ ಎಂದರೆ ಸಾಕು ನನಗೆ, ಕಥೆಯೊಳಗೆ ಕಾಲಿಟ್ಟ ಹಾಗೆ, ಬ್ಯಾಕೋಡಿನ ಹೇಮಾವತಿ ಅಕ್ಕನ ಹೋಂಸ್ಟೇಯ ಕೋಣೆ, ಕಿಟಕಿಯ ಆಚೆ ಮಳೆ ಬಿಟ್ಟರೆ ಬೇರೇನಿಲ್ಲ, ಹಾಸಿಗೆ ಒದ್ದೆ, ಟವೆಲ್ಲು ಒದ್ದೆ, ಬೆಂಕಿಪೆಟ್ಟಿಗೆ ಒದ್ದೆ, ಫೋನಿನಲ್ಲಿ ಒಂದು ಗೆರೆಯೂ ಇಲ್ಲ, ಇದ್ದರೆ ಇರಬೇಕು ಹೀಗೆ ಅಂದುಕೊಂಡೆ, ಮೊದಲ ದಿನ. ಶನಿವಾರ ಇದೇ ಪಾರ್ಕು, ಕಳಸವಳ್ಳಿಯ ದಿಬ್ಬದ ಮೇಲೆ ಯಾತ್ರಿಕರಿಗಾಗಿ ಯಾರೋ ಮಾಡಿದ್ದು, ಮಳೆಗೆ ತೊಟ್ಟಿಲು ನಿಂತಿತ್ತು, ಡ್ಯಾಶಿಂಗ್ ಕಾರಿನಲ್ಲಿ ಇವರು ನನ್ನನ್ನೇ ಹುಡುಕಿ ಹುಡುಕಿ ಗುದ್ದಿದರು, ತಪ್ಪಿಸ್ಕ ನೋಡಣ, ತಪ್ಪಿಸ್ಕ, ನಾನು ಸ್ಟೇರಿಂಗ್ ಎತ್ತ ತಿರುಗಿಸಿದರೂ ಮೂಲೆಗೇ ಹೋಗಿ ನಿಲ್ಲುತ್ತಿದ್ದೆ, ನಗು, ಹೊಟ್ಟೆ ನೋಯುವಷ್ಟು ನಗು. ಭಾನುವಾರ ಬೆಳಿಗ್ಗೆ ನೆಟ್‌ವರ್ಕ್ ಹುಡುಕಿಕೊಂಡು ಹೊಳೆಯ ಈಚೆಯದೇ ಆದ ತುಮರಿಗೆ ಹೋಗಿ ಬಂದವರು ರೇನ್‌ಕೋಟು ಕೊಡವುತ್ತ ಅಂದರು, ಲಾಂಚ್ ಬಂದ್ ಕಣೆ, ಗಾಳಿ ಜೋರಂತೆ. ಹೂಂ. ಕಾಡಿನ ದಾರಿಯಲ್ಲಿ ನಿಟ್ಟೂರಿನ ಮೇಲೆ ಸುತ್ತಿ ಹೋದರೆ, ಅಂದೆ. ಮರ ಬಿದ್ದಿದೆಯಂತೆ, ಈ ಮಳೇಲಿ ಬೈಕಲ್ಲಿ ಹೋಗಿ ಸಾಯಕ್ಕಾ? ಹೂಂ. ಇವತ್ತು ಬೆಳಿಗ್ಗೆ ಮತ್ತೆ ತುಮರಿಗೆ, ಮತ್ತೆ ಅದೇ, ಬಂದ್, ಇನ್ನೂ ಎರಡು ದಿನ ಆಗಬೋದು ಅಂತಿದಾರೆ, ಕೈಯಲ್ಲಿ ದಿಲ್‌ಪಸಂದಿನ ಪೊಟ್ಟಣ, ಬಿಸಿಬಿಸಿ ಇರುವಾಗ್ಲೇ ತಿನ್ನು, ನಿಂಗಿಷ್ಟ ಅಂತ ತಂದೆ. ತಿಂದೆ. ಕೊಬ್ಬರಿ ಹಲ್ಲಿನ ಸಂದಿಗೆ ಸಿಕ್ಕಿತು. ಹೇಮಾವತಿ ಅಕ್ಕನಿಗೆ ಲಾಂಚು ನಿಂತಿದೆಯಂತಲ್ಲ ಎಂದರೆ ಅವರು ದೋಸೆ ಮಗುಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು, ಯಜಮಾನ್ರು ಹೇಳಿದ್ರಾ? ಹಂಗಾರೆ ಇರ್ಬೌದು ಬಿಡಿ, ಎಂದು ಮತ್ತೆ ಮಗುಚಿದರು. ನಾನು ಅದಕ್ಕೂ ಹೂಂ ಅಂದೆ, ಹೂಂ ಅನ್ನುವುದು ನನಗೆ ಉಸಿರಾಡಿದ ಹಾಗೆ, ಕನ್ನಮ್ಮಜ್ಜಿ ಕಲಿಸಿದ್ದು, ಹೊಸನಗರದ ಆಚೆಯ ಅಜ್ಜಿಯ ಊರಿನಲ್ಲಿ ಅವಳ ಸೆರಗಿನೊಳಗೆ ಮಲಗಿ, ಹೂಂ ಅನ್ನೇ ಮಗಾ, ನೀ ಹೂಂ ಅನ್ದೆ ಇದ್ರೆ ಕಥೆ ಅಲ್ಲೇ ದಾರಿ ಮೇಲೆ ಕೂತ್ಬಿಡತ್ತೆ, ರಾಜಕುಮಾರ ಕಾಡಲ್ಲೇ ಉಳಿತಾನೆ, ಅದಕ್ಕೇ ನಾನು ಬಿಡದೆ ಹೂಂಗುಟ್ಟುತ್ತಿದ್ದೆ, ಪಾಪ ರಾಜಕುಮಾರ ಎಂದು, ಅದೇ ಊರಿನ ಪಂಚಾಯ್ತಿಯ ಗ್ರಂಥಾಲಯದ ಕೆಲಸಕ್ಕೆ ನನ್ನ ಹೆಸರು ಮೊದಲನೆಯದಾಗಿ ಬಂದಿದೆ, ಎರಡು ಕೋಣೆ, ಆರು ಕಪಾಟು, ಸಂಜೆ ಹೊತ್ತು ಮಕ್ಕಳು ಬರುತ್ತಾರೆ, ಅವಕ್ಕೆ ನಾನು ಕಥೆ ಹೇಳಬಹುದು, ಅವು ಹೂಂ ಅನ್ನಬಹುದು —

ಮೇಲೆ. ತೊಟ್ಟಿಲು ತುದಿಗೆ ಬಂದಿದೆ, ಮರಗಳ ತಲೆ ಕೆಳಗಾಯಿತು, ಮೂರು ದಿನದಿಂದ ಕಣ್ಣಿಗೆ ಕಟ್ಟಿದ ಮಂಜು ಒಂದು ಕಡೆ ಹರಿದಿದೆ, ಆ ಹರಕಿನಲ್ಲಿ ಹಿನ್ನೀರು, ನಡುನೀರಲ್ಲಿ ಸೇತುವೆಯ ಕಂಬಗಳು, ತಲೆಯ ಮೇಲೆ ಇನ್ನೂ ರಸ್ತೆ ಬರದ ಕಂಬಗಳು, ಈಚೆ ದಡದಲ್ಲಿ ಲಾಂಚು, ಲಾಂಚಿನ ಮೇಲೆ ಮೂತಿ ಇಟ್ಟು ಒಂದು ಕೆಂಪು ಬಸ್ಸು ಹತ್ತುತ್ತಿದೆ. ಎಷ್ಟು ಚೆಂದ, ಎನ್ನಿಸಿತು ಮೊದಲು, ಬರೀ ಅಷ್ಟೇ ಅನ್ನಿಸಿತು, ಬಸ್ಸು ನೀರಿಗೆ ಇಳಿಯುವ ಎಮ್ಮೆಯ ಹಾಗೆ ಅನುಮಾನಿಸಿ ಅನುಮಾನಿಸಿ ಕಾಲಿಡುತ್ತಿದೆ, ಆಮೇಲೆ ತೊಟ್ಟಿಲು ಕೆಳಕ್ಕೆ ಬಾಗಿತು, ಮರ ಅಡ್ಡ ಬಂತು. ಬಂದ್ ಆದ ಲಾಂಚಿಗೆ ಬಸ್ಸು ಯಾಕೆ ಹತ್ತುತ್ತದೆ. ದಿಲ್‌ಪಸಂದಿನ ಪೊಟ್ಟಣದ ಮೇಲೆ ಬೇಕರಿಯ ಹೆಸರಿತ್ತು, ಸಾಗರ ಬಸ್‌ಸ್ಟ್ಯಾಂಡಿನ ಪಕ್ಕದ್ದು, ಇವರು ಫೋಟೋಗಳಿಗೆ ಗಾಜು, ಕಟ್ಟು ಹಾಕುವ ಅಂಗಡಿಯಿಂದ ಮೂರನೆಯದು, ಓದಿದ್ದೆ, ಕಂಡದ್ದೆಲ್ಲ ಓದುತ್ತೇನೆ ನಾನು, ಓದಿ ತಿಂದೆ, ಸಾಗರದ ದಿಲ್‌ಪಸಂದು ಹೊಳೆ ಹೇಗೆ ದಾಟಿತು ಎಂದು ಕೇಳಲಿಲ್ಲ, ಬಿಸಿ ಇತ್ತು, ಬಸ್ಸಿನ ಇಂಜಿನ್ನಿನ ಪಕ್ಕ ಇಟ್ಟುಕೊಂಡು ಬಂದಷ್ಟು ಬಿಸಿ. ಅಜ್ಜಿಯ ಒಂದು ಕಥೆಯಲ್ಲಿ ನೀರಿನ ನಡುವಿನ ಗುಡ್ಡದಲ್ಲಿ ರಾಕ್ಷಸನೊಬ್ಬ ಒಂದು ಹುಡುಗಿಯನ್ನು ಇಟ್ಟುಕೊಂಡಿದ್ದ, ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ದಿನಾ ಬೆಳಿಗ್ಗೆ ಹೋಗಿ ಸುರಗಿ ಹೂವು ತರುತ್ತಿದ್ದ, ಬಳೆ ತರುತ್ತಿದ್ದ, ಕಾಲಿಗೆ ಮುಳ್ಳು ಹೊಕ್ಕರೆ ತಾನೇ ಕೂತು ತೆಗೆಯುತ್ತಿದ್ದ, ಅಮ್ಮನ ಮನೆಗೆ ಹೋಗಬೇಕು ಎಂದರೆ ಮಾತ್ರ, ಇವತ್ತು ಹೊಳೆ ತುಂಬಿದೆ, ನಾಳೆ, ಅನ್ನುತ್ತಿದ್ದ, ಹನ್ನೆರಡು ವರ್ಷ ಹೊಳೆ ತುಂಬಿಯೇ ಇತ್ತು. ಅವಳು ಹೋಗಿ ನೋಡ್ಲಿಲ್ವಾ ಅಜ್ಜಿ? ಅಜ್ಜಿ ಎಲೆಗೆ ಸುಣ್ಣ ಸವರುತ್ತ, ಕೆಟ್ಟೋರ್ ಮಾತಾದ್ರೆ ಹೋಗಿ ನೋಡ್ಬೌದಿತ್ತು ಮಗಾ, ಒಳ್ಳೇರ್ ಮಾತು ಯಾರು ಹೋಗಿ ನೋಡ್ತಾರೆ. ಕೊನೆಗೆ ಅವಳಿಗೆ ಏನಾಯಿತು, ಗೊತ್ತಿಲ್ಲ, ನಾನು ಹೂಂ ಅನ್ನುತ್ತಲೇ ನಿದ್ದೆ ಹೋಗಿದ್ದೆ.

ಕೆಳಗೆ ಬಂದಾಗ ಗಂಟೆ ನೋಡಿದೆ, ಹನ್ನೆರಡಕ್ಕೆ ಎಂಟು ನಿಮಿಷ, ದಡದ ಬೋರ್ಡನ್ನು ಶುಕ್ರವಾರವೇ ಓದಿದ್ದೇನೆ, ಹನ್ನೆರಡರದ್ದು ಆದ ಮೇಲೆ ಎರಡಕ್ಕೆ, ಎರಡಕ್ಕೆ ದಾಟಿದರೆ ನಾಲ್ಕರೊಳಗೆ ಶಿವಮೊಗ್ಗ ಸಿಗುವುದಿಲ್ಲ, ಹನ್ನೆರಡರದ್ದೇ, ಆ ಕೆಂಪು ಬಸ್ಸೇ, ಈ ದಿಬ್ಬ ಇಳಿದು ಓಡಿದರೆ ಐದು ನಿಮಿಷ, ಇಳ್ಸಿ, ಅಂದೆ, ದನಿ ಹೊರಗೆ ಬಂತೋ ಇಲ್ಲವೋ, ಇಳ್ಸೀ, ಜಟ್ಟಿಂಗಪ್ಪ ಲಿವರ್ ಹಿಡಿದು ನಿಂತವನು ತಲೆ ಎತ್ತಿ ನಕ್ಕ, ಹಿಂದಿನ ತೊಟ್ಟಿಲಿನ ಹುಡುಗಿಯರೂ ಅದನ್ನೇ ಕಿರುಚುತ್ತಿದ್ದಾರೆ, ಅಣ್ಣಾ ನಿಲ್ಸಣ್ಣಾ, ಇಳ್ಸಣ್ಣಾ, ಕೇಕೆ, ಎಲ್ರೂ ಹಿಂಗೇ ಅಕ್ಕಾರೇ, ಇಳಿದ್ಮೇಲೆ ಇನ್ನೊಂದ್ ಟಿಕೆಟ್ ಕೇಳ್ತಾರೆ, ಅವನ ಮುಖ ಜಾರಿ ಕೆಳಗೆ ಹೋಯಿತು, ಟಾರ್ಪಾಲು ಹೋಯಿತು, ಮತ್ತೆ ಮರಗಳ ತಲೆ, ಮತ್ತೆ ಕೆಂಪು ಬಸ್ಸು, ಈಗ ಪೂರ್ತಿ ಲಾಂಚಿನ ಮೇಲೆ, ಸುತ್ತ ಬೈಕುಗಳನ್ನು ಒತ್ತಿ ಒತ್ತಿ ನಿಲ್ಲಿಸುತ್ತಿದ್ದಾರೆ, ಕೊಡೆಗಳು. ರೀ, ಲಾಂಚು ಹೊರಡ್ತಿದೆ. ಇವರು ಕಣ್ಣು ತೆರೆಯಲಿಲ್ಲ, ಯಾವ ಲಾಂಚು. ಬಸ್ ಹತ್ತಿದೆ ರೀ. ಅದಾ, ಇಂಜಿನ್ ನೋಡಕ್ಕೆ ಸುಮ್ನೆ ಒಂದ್ಸಲ ಬಿಡ್ತಾರೆ, ಜನ ಹತ್ಸಲ್ಲ. ನಾನು ಹೂಂ ಅನ್ನಲಿಲ್ಲ. ಬೆಳಿಗ್ಗೆ ಬಂದ್ ಆಗಿತ್ತು ಕಣೆ, ಈಗ ಬಿಟ್ಟಿರ್ಬೇಕು. ಅನ್ನಲಿಲ್ಲ. ನಿನ್ನೆ ಸಂಜೆನೂ ಒಂದ್ ಟ್ರಿಪ್ ಬಿಟ್ರಂತೆ, ನಂಗೆ ಆಮೇಲೆ ಗೊತ್ತಾಯ್ತು. ಅನ್ನಲಿಲ್ಲ, ಹಲ್ಲು ಕಚ್ಚಿ ಹಿಡಿದೆ ಆ ಒಂದು ಹೂಂ ಅನ್ನು, ಒಂದೂವರೆ ವರ್ಷದಲ್ಲಿ ಮೊದಲ ಸಲ, ಅಜ್ಜಿ ಸುಳ್ಳು ಹೇಳಿರಲಿಲ್ಲ, ಇವರ ಕಥೆ ಅಲ್ಲಿಯೇ ಕೂತುಬಿಟ್ಟಿತು, ತುಟಿ ಆಡುತ್ತಿದೆ, ಮುಚ್ಚಿದ ರೆಪ್ಪೆಯ ಕೆಳಗೆ ಗುಡ್ಡೆ ಅತ್ತಿತ್ತ ಓಡುತ್ತಿದೆ. ಆಮೇಲೆ ಬಹಳ ಸಣ್ಣಗೆ, ನೀ ಅಲ್ಲಿ ಕೆಲ್ಸಕ್ಕೆ ಹೋಗಿ ಕೂತ್ರೆ ಆ ಮನೇಲಿ ನಾ ಒಬ್ನೇ ಕೂತು ಎಂತ ಮಾಡ್ಲಿ ಹೇಳು ತನು, ಶನಿವಾರ ಶನಿವಾರ ಬಸ್‌ಸ್ಟ್ಯಾಂಡಲ್ಲಿ ಹೆಂಡ್ತಿ ಕಾಯ್ಕಂಡು ನಿಲ್ಲೋ ಗಂಡ ಆಗ್ಬೇಕಾ ನಾನು, ಜನ ಎಂತ ಅಂತಾರೆ. ಕರುಣೆ ಬಂತು, ಬರಬಾರದಿತ್ತು, ಗಾಜು ಕೊರೆದು ಕೊರೆದು ಗಾಯದ ಗೆರೆ ಬಿದ್ದ ಬೆರಳುಗಳು, ಕಂಬಿಯ ಮೇಲೆ ಬೆಳ್ಳಗಾಗಿವೆ, ಜ್ವರ ಬಂದಾಗ ನನ್ನ ಹಣೆಗೆ ಬಟ್ಟೆ ಹಾಕಿದ ಬೆರಳುಗಳೇ, ಅದಕ್ಕೇ ನಾನು ಹೊಳೆ ನೋಡಲು ಹೋಗಲಿಲ್ಲ, ಅದಕ್ಕೇ. ಈ ಸುತ್ತಿಗೆ ಇಳೀತೀನಿ, ಅಂದೆ, ಬೈಕಿನ ಕೀ ಕೊಡಿ, ಬೇಡ, ಓಡ್ತೀನಿ.

ನಿಧಾನವಾಗುತ್ತಿದೆ, ಸುತ್ತು ಮುಗಿಯಿತು, ಒಂದೊಂದೇ ತೊಟ್ಟಿಲು ಹಲಗೆಗೆ ಬಂದು ನಿಲ್ಲುತ್ತದೆ, ಹುಡುಗಿಯರು ಇಳಿದರು, ಒಬ್ಬಳು ವಾಂತಿ ಬರುತ್ತೆ ಎಂದು ನಗುತ್ತಿದ್ದಾಳೆ, ಇನ್ನೊಬ್ಬಳು ಇನ್ನೊಂದ್ಸಲ ಹೋಗಣ ಅನ್ನುತ್ತಿದ್ದಾಳೆ, ಆಮೇಲೆ ನಮ್ಮದು, ಹಲಗೆ ಕಾಲಿಗೆ ತಾಗಿತು, ಫೈಲನ್ನು ಎದೆಗೆ ಒತ್ತಿಕೊಂಡು ಅರ್ಧ ಎದ್ದಿದ್ದೇನೆ, ಜಟ್ಟಿಂಗಪ್ಪನ ಒದ್ದೆ ಕೈ ಕಂಬಿಯ ಕೊಂಡಿಗೆ ಬಂತು, ಆಗ ಇವರು ಕಣ್ಣು ತೆರೆದರು, ಹತ್ತಿದ ಮೇಲೆ ಮೊದಲ ಸಲ, ನನ್ನನ್ನು ನೋಡಲಿಲ್ಲ, ಕೊಂಡಿಯ ಮೇಲೆ ತನ್ನ ಕೈ ಇಟ್ಟು ಜಟ್ಟಿಂಗಪ್ಪನಿಗೆ ಒಂದು ಬೆರಳು ಎತ್ತಿ ತೋರಿಸಿದರು, ಇನ್ನೊಂದ್ ರೌಂಡ್. ಇಲ್ಲ, ಇಳ್ಸಿ, ನಾನು ಇಳೀಬೇಕು, ನಿಜವಾಗ್ಲೂ. ಹೆದ್ರಿಕೆ ಅವಳಿಗೆ, ಹೋಗ್ಲಿ ಅಂತಾನೇ ಇನ್ನೊಂದು, ಇವರು ನಕ್ಕರು, ಬಿಳಿಚಿದ ತುಟಿಯಲ್ಲಿ, ಬೆವರಿದ ಹಣೆಯಲ್ಲಿ, ತನಗೆ ಜೀವ ಹೋಗುವಷ್ಟು ಹೆದರಿಕೆಯಾಗುವ ಜಾಗಕ್ಕೆ ನನ್ನನ್ನು ಇಟ್ಟುಕೊಂಡು ಮತ್ತೆ ಹತ್ತಲು ಸಿದ್ಧವಾಗಿ ನಕ್ಕರು, ಜಟ್ಟಿಂಗಪ್ಪ ನನ್ನ ಮುಖ ನೋಡಿದ, ಇವರ ಬೆರಳು ನೋಡಿದ, ಯಜಮಾನ್ರೇ ಹೇಳಿದ್ಮೇಲೆ ಎಂತ ಅಕ್ಕಾರೇ, ಕೂತ್ಕಳಿ, ಕೂತ್ಕಳಿ, ನಿಂತ್ರೆ ಬೀಳ್ತೀರಿ, ಕೊಂಡಿ ಬಿಗಿದ, ನೆಲ ಮತ್ತೆ ಜಾರಿತು, ಕೂಗಿದೆ, ಕೂಗಿದ್ದು ಎಲ್ಲರೂ ಕೂಗುವ ಹಾಗೆಯೇ ಕೇಳಿಸಿತು, ನನಗೂ ಹಾಗೆಯೇ ಕೇಳಿಸಿತು, ಕೆಳಗೆ ಸಾಲಿನಲ್ಲಿ ನಿಂತವರು ಕೈ ಬೀಸಿದರು. ಮರಗಳ ತಲೆ. ತೊಟ್ಟಿಲು ತುದಿಯಲ್ಲಿ ನಿಂತಿತು, ಕೆಳಗೆ ಯಾರನ್ನೋ ಹತ್ತಿಸುತ್ತಿದ್ದಾರೆ, ಗಾಳಿಗೆ ಮೆಲ್ಲಗೆ ತೂಗುತ್ತದೆ, ಕಂಬಿ ಹೊಟ್ಟೆಗೆ ಒತ್ತುತ್ತದೆ, ಇವರು ಮತ್ತೆ ಕಣ್ಣು ಮುಚ್ಚಿ ನನ್ನ ಕೈ ಹುಡುಕುತ್ತಿದ್ದಾರೆ, ಸಿಕ್ಕಿತು, ಹಿಡಿದರು, ಏನೋ ಹೇಳುತ್ತಿದ್ದಾರೆ, ಮುಂದಿನ ವರ್ಷ, ಇನ್ನೊಂದು ಅರ್ಜಿ, ನಾನೇ ಕರ್ಕಂಡು — ದಡ ಖಾಲಿ, ದಡದಲ್ಲಿ ಒಂದು ನಾಯಿ, ಆಚೆ ಎಲ್ಲ ಬೂದುಬಣ್ಣದ ನೀರು, ಕಂಬಗಳು, ಕಂಬಗಳ ನಡುವೆ, ನೀರಿನ ಮೇಲೆ, ಬಸ್ಸು, ಕೆಂಪು, ಅದರ ಹಿಂದಿನ ಗಾಜು ನನ್ನ ಕಡೆಗೆ — ಕೇಳ್ತಿದೀಯಾ ತನು — ಬಸ್ಸು — ತನು, ಹೂಂ ಅನ್ನು — ನೀರಿನ ಮೇಲೆ ಕೆಂಪು ಬಸ್ಸು, ಕೆಂಪು ಬಸ್ಸು