ಮುಂದಿನ ಪುಟ ಹೇಳಬಾರದು

ರವಿವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ನಾಲ್ವರು ಹೆಂಗಸರು ಸೇರುತ್ತೇವೆ. ಹುಕ್ಕೇರಿಯಲ್ಲಿ ಹೆಂಗಸರು ಕೂಡುವುದು ಭಜನೆಗೆ, ಇಲ್ಲವೇ ಸಂಘದ ಕಂತು ಕಟ್ಟಲಿಕ್ಕೆ. ನಾವು ಕೂಡುವುದು ಯಾರು ಈಗ ಏನು ಓದುತ್ತಿದ್ದಾರೆಂದು ಕೇಳಲಿಕ್ಕೆ. ನಾನು, ಬಾಜೂ ಓಣಿಯಲ್ಲಿ ಹೊಲಿಗೆ ಮಾಡುವ ಮದಿನಾಬಿ, ಅಂಗನವಾಡಿಯಿಂದ ನಿವೃತ್ತಳಾದ ಕರೆವ್ವ, ಬ್ಯಾಂಕಿನಲ್ಲಿ ಕೆಲಸಕ್ಕಿರುವ ನೇತ್ರಾ. ನೇತ್ರಾ ಒಬ್ಬಳೇ ಹರೆಯದವಳು. ಉಳಿದ ಮೂವರಿಗೂ ಮೊಮ್ಮಕ್ಕಳಿದ್ದಾರೆ.

ನಮ್ಮ ಕೂಟಕ್ಕೆ ಎರಡೇ ಕಟ್ಟಳೆ. ಪ್ರತಿಯೊಬ್ಬಳೂ ತನ್ನ ಪುಸ್ತಕದ ಹೆಸರು ಹೇಳಿ, ಓದು ಎಲ್ಲಿ ನಿಂತಿದೆಯೋ ಅಲ್ಲಿಂದ ಸ್ವಲ್ಪ ಗಟ್ಟಿಯಾಗಿ ಓದಬೇಕು. ಎರಡನೆಯದು, ಆ ಪುಸ್ತಕವನ್ನು ಮೊದಲೇ ಓದಿದವರು ಮುಂದೇನಾಗುತ್ತದೆಂದು ಹೇಳಬಾರದು. ಒಮ್ಮೆ ಕರೆವ್ವ, ನೇತ್ರಾ ಓದುತ್ತಿದ್ದ ಕಾದಂಬರಿಯಲ್ಲಿ ಗಂಡ ಸಾಯುತ್ತಾನೆಂದು ಬಾಯಿಬಿಟ್ಟದ್ದಕ್ಕೆ ನೇತ್ರಾ ಮರುವಾರ ಬರಲೇ ಇಲ್ಲ. ಅಂದಿನಿಂದ ಈ ಕಟ್ಟಳೆಯನ್ನು ಮುರಿಯುವ ಧೈರ್ಯ ಯಾರಿಗೂ ಇಲ್ಲ.

ಗ್ರಂಥಾಲಯದ ಪುಸ್ತಕಗಳಿಗೆ ಅರಿಶಿಣ, ಎಣ್ಣೆ ಹತ್ತಬಾರದೆಂದು ಕರೆವ್ವ ತನ್ನ ತಮ್ಮನ ಗೊಬ್ಬರದ ಅಂಗಡಿಯಲ್ಲಿ ಉಳಿದಿದ್ದ ಹಳೆಯ ಕ್ಯಾಲೆಂಡರುಗಳನ್ನು ತಂದು ಹೊದಿಕೆಗೆಂದು ಎಲ್ಲರಿಗೂ ಹಂಚಿದ್ದಳು. ಹೀಗಾಗಿ ನಮ್ಮೆಲ್ಲರ ಪುಸ್ತಕಗಳ ಮೇಲೂ ಅದೇ ಜೋಡೆತ್ತಿನ ಚಿತ್ರ. ಒಳಗೆ ಪ್ರೇಮಕಥೆ ಇರಲಿ, ಪುರಾಣ ಇರಲಿ, ಮೇಲೆ ಮಾತ್ರ ಎತ್ತುಗಳು.

ಆ ರವಿವಾರ ಮದಿನಾಬಿಯ ಸರದಿ ಬಂದಾಗ ಅವಳು ಕೈ ಅಲ್ಲಾಡಿಸಿದಳು.

"ಈ ವಾರ ಏನೂ ಓದಿಲ್ರಿ ಅಕ್ಕಾರ. ಮೊಮ್ಮಗಳ ಲಗ್ನದ ಗದ್ಲ."

"ಮತ್ತ ಆ ಚೀಲದಾಗಿನ ಎತ್ತ ಯಾರವು?" ಎಂದು ಕರೆವ್ವ ಕೇಳಿದಳು. "ಹೊಲ ಹೂಡಾಕ ಹೊಂಟೀಯೇನ?"

ಎಲ್ಲರೂ ನಕ್ಕೆವು. ಮದಿನಾಬಿಯೂ ನಕ್ಕಳು, ಆದರೆ ಚೀಲವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು. ಆಮೇಲೆ ಬೇಡವೆಂದರೂ ಚಹಾದ ಕಪ್ಪುಗಳನ್ನು ತೊಳೆದಿಟ್ಟಳು. ನನ್ನ ಬೆರಳಿನ ಸಂದುಗಳು ತಣ್ಣೀರಿಗೆ ನೋಯುತ್ತವೆಂದು ಅವಳಿಗೆ ಗೊತ್ತು; ಅದನ್ನು ಬಾಯಿಬಿಟ್ಟು ಹೇಳದೆ ಪ್ರತಿವಾರ ತೊಳೆಯುತ್ತಾಳೆ. ಹೋಗುವಾಗ ಅವಳ ಚೀಲ ಸೋಫಾದ ಮೇಲೆ ಮಗುಚಿತು; ಬಿದ್ದದ್ದನ್ನು ಅವಸರದಲ್ಲಿ ಬಾಚಿ ತುಂಬಿಕೊಂಡು ಹೊರಟಳು.

ಎಲ್ಲರೂ ಹೋದ ಮೇಲೆ ಸೋಫಾದ ಮೇಲಿದ್ದ ನನ್ನ ಪುಸ್ತಕ ತೆಗೆದೆ. ಒಳಗೆ ನಾನು ಓದುತ್ತಿದ್ದ ಹಿಮಾಲಯದ ಪ್ರವಾಸಕಥನ ಇರಲಿಲ್ಲ. ಹೆಂಗಸರ ಎದೆಯ ಗಂಟುಗಳ ಬಗ್ಗೆ ಒಬ್ಬ ವೈದ್ಯೆ ಬರೆದ ತೆಳ್ಳನೆಯ ಪುಸ್ತಕವಿತ್ತು. ನಡುವೆ ಗುರುತಿಗೆಂದು ಹಸಿರು ರವಿಕೆ ಬಟ್ಟೆಯ ತುಂಡು. ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ.

ನಿಂತಿದ್ದವಳು ಕುಳಿತೆ. ತುಂಡು ಇದ್ದ ಪುಟದಲ್ಲಿ ಕನ್ನಡಿಯ ಮುಂದೆ ನಿಂತು ತಾವೇ ಹೇಗೆ ಪರೀಕ್ಷಿಸಿಕೊಳ್ಳಬೇಕೆಂದು ಬರೆದಿತ್ತು. ಆ ತನಕದ ಹಾಳೆಗಳ ಮೂಲೆಗಳು ಮೆತ್ತಗಾಗಿದ್ದವು. ಮುಂದಿನವು ಹೊಸ ನೋಟಿನ ಹಾಗೆ ಗರಿಗರಿ. ಅವಳು ಅಲ್ಲಿಗೇ ನಿಂತಿದ್ದಳು. ನಾನು ನಿಲ್ಲಲಿಲ್ಲ. ಮುಂದಿನ ಪುಟದಲ್ಲಿದ್ದದ್ದನ್ನು ಓದಿದ ಮೇಲೆ ಅನ್ನಕ್ಕಿಟ್ಟದ್ದು ಸೀದುಹೋದದ್ದೂ ಗೊತ್ತಾಗಲಿಲ್ಲ.

ಫೋನು ಮಾಡಿದೆ.

"ಮದಿನಾಬಿ, ಪುಸ್ತಕ ಅದಲಿಬದಲಿ ಆಗ್ಯಾವ ನೋಡ."

"ಹೌದೇನ್ರಿ? ನಾ ಇನ್ನೂ ತಗದ ನೋಡಿಲ್ರಿ."

"ನಾನೂ ನೋಡಿಲ್ಲ," ಎಂದೆ.

ನೋಡದೆ ನನಗೆ ಹೇಗೆ ತಿಳಿಯಿತೆಂದು ಅವಳು ಕೇಳಲಿಲ್ಲ. "ಮುಂಜಾನೆ ಬರ್ತೇನಿ," ಎಂದು ನಾನೇ ಇಟ್ಟೆ.

ಮರುದಿನ ಅವಳ ಮನೆಯಲ್ಲಿ ಎಲ್ಲಿ ನೋಡಿದರೂ ಲಗ್ನದ ಬಟ್ಟೆ. ಮಶೀನಿನ ಮೇಲೆ, ಕಾಟಿನ ಮೇಲೆ, ಬಾಗಿಲಿನ ಮೊಳೆಗಳಿಗೆ. ಸೊಸೆ ಇರ್ಫಾನಾ ಕುರ್ಚಿಯ ಮೇಲಿನ ಜರಿಯ ದುಪಟ್ಟಾ ಎತ್ತಿ ನನಗೆ ಜಾಗ ಮಾಡಿಕೊಟ್ಟಳು. ಸಕ್ಕರೆ ಕಡಿಮೆ ಹಾಕಿದ ಚಹಾ ತಂದಿಟ್ಟಳು. ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಎಂದೋ ಒಮ್ಮೆ ಹೇಳಿದ್ದನ್ನು ನೆನಪಿಟ್ಟಿದ್ದಾಳೆ. ಅವಳು ಒಳಗೆ ಹೋಗುವುದನ್ನೇ ಕಾಯುತ್ತ ನಾವಿಬ್ಬರೂ ಲೇಸಿನ ರೇಟಿನ ಮಾತಾಡಿದೆವು.

ಅವಳು ಅಡುಗೆಮನೆಗೆ ಹೋದದ್ದೇ ಮದಿನಾಬಿ ಪಿಸುಗುಟ್ಟಿದಳು. "ತಗದ ನೋಡಿದ್ರಿ ಹೌದಿಲ್ಲೋ?"

"ನೋಡ್ದೆ."

ಅವಳು ಎಡಗಡೆ ಸೆರಗಿನ ಮೇಲೆ ಕೈಯಿಟ್ಟಳು. "ಸಣ್ಣದ ಐತ್ರಿ. ಕಡ್ಲಿ ಕಾಳಿನಷ್ಟ. ಸಂಕೇಶ್ವರದಾಗ ಲೇಸ್ ತರಾಕ ಹೋದಾಗ ಬಸ್‌ಸ್ಟ್ಯಾಂಡಿನ್ಯಾಗ ಈ ಪುಸ್ತಕ ಕಂಡತು, ತಗೊಂಡೆ. ಮನ್ಯಾಗ ಯಾರಿಗೂ ಗೊತ್ತಿಲ್ಲ."

"ಡಾಕ್ಟರಿಗೆ?"

"ಲಗ್ನ ಮುಗೀಲಿ ಬಿಡ್ರಿ. ಈಗ ದವಾಖಾನಿ ಹೆಸರ ತಗದ್ರ ಬೀಗರ ಮನೀಮಟ ಸುದ್ದಿ ಹೋಗತೈತಿ. ಹುಡುಗಿ ಅಜ್ಜಿಗೆ ಹಿಂಗ ಐತಂತ, ಆ ಮನೆತನದಾಗ ಬಂದದ್ದಂತ, ಇದ ನಡೀತೈತಿ ಮಾತ. ಮತ್ತ ನನಗ ನೂವಿಲ್ರಿ ಅಕ್ಕಾರ. ಒಂದೀಟೂ ನೂವಿಲ್ಲ. ನೂವಿಲ್ಲ ಅಂದ್ರ ಏನೂ ಇಲ್ಲ ಅಂತ್ಲೇ ಅಲ್ರಿ?"

"ಮದಿನಾಬಿ, ನೀ ಎಲ್ಲಿ ನಿಂತೀ, ಅದರ ಮುಂದಿನ ಪುಟದಾಗ..."

ಅವಳು ಎರಡೂ ಕಿವಿ ಮುಚ್ಚಿಕೊಂಡಳು, ಸಣ್ಣ ಹುಡುಗಿಯ ಹಾಗೆ. "ಹೇಳಬ್ಯಾಡ್ರಿ! ಕಟ್ಟಳಿ ಐತಿ ನಮ್ಮದು. ಮುಂದಿಂದ ಹೇಳೂಹಂಗಿಲ್ಲ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇರ್ಫಾನಾ ಖಾಲಿ ಕಪ್ಪಿಗೆಂದು ಬಂದಳು. ಅವಳು ತಿರುಗಿ ಹೋಗುವಷ್ಟರಲ್ಲಿ ಮದಿನಾಬಿ ನನ್ನ ಪ್ರವಾಸಕಥನವನ್ನು ಕೈಗಿತ್ತು, ತನ್ನ ಪುಸ್ತಕವನ್ನು ಮತ್ತೆ ನನ್ನ ಚೀಲಕ್ಕೇ ತುರುಕಿದಳು.

"ಇದೂ ನಿಮ್ಮ ಕಡೇನ ಇರ್ಲಿ. ಸೊಸಿ ಕೈಗೆ ಸಿಕ್ರ ಕಷ್ಟ. ಯಾರ ಮುಂದೂ ನನ್ನ ಹೆಸರ ಹೇಳಬ್ಯಾಡ್ರಿ, ನನ್ನ ಆಣಿ ಐತಿ."

"ಇಲ್ಲ, ಹೇಳೂದಿಲ್ಲ," ಎಂದುಬಿಟ್ಟೆ. ಓಣಿ ದಾಟುವುದರೊಳಗೆ ಆ ಮಾತು ಎದೆಯ ಮೇಲೆ ಬೀಸುಕಲ್ಲಿನ ಹಾಗೆ ಕುಳಿತಿತ್ತು.

ಆ ವಾರ ನಾನು ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಹಾಲು ಉಕ್ಕಿಸಿದೆ. ತುಳಸಿಗೆ ಎರಡೆರಡು ಸಲ ನೀರು ಹಾಕಿದೆ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ದೂರದಲ್ಲಿ ಇರ್ಫಾನಾ ಕಂಡಳು. ಓಡಿಹೋಗಿ ಹೇಳಿಬಿಡಲೇ ಅನಿಸಿತು. ಹೇಳಿದರೆ ಮದಿನಾಬಿ ಮತ್ತೆ ನನ್ನ ಹೊಸ್ತಿಲು ತುಳಿಯುವುದಿಲ್ಲ, ಡಾಕ್ಟರ ಬಳಿಗಂತೂ ಹಟಕ್ಕೇ ಹೋಗುವುದಿಲ್ಲ. ಹೇಳದಿದ್ದರೆ ಕಡಲೆಕಾಳು ಕಡಲೆಕಾಳಾಗಿಯೇ ಉಳಿಯುತ್ತದೆಯೇ? ಲಗ್ನ ರಂಜಾನಿನ ಆಚೆಗೆ. ಅಷ್ಟು ದಿನ ಕಾಯಬಹುದೇ ಎಂದು ಪುಸ್ತಕ ತೆಗೆದು ಮತ್ತೆ ಓದುತ್ತಿದ್ದೆ. ಪ್ರತಿ ಸಲವೂ ಅದು ಒಂದೇ ಉತ್ತರ ಹೇಳುತ್ತಿತ್ತು.

ರವಿವಾರ ಮದಿನಾಬಿ ಬರುವುದಿಲ್ಲವೆಂದೇ ಹೆದರಿದ್ದೆ. ಎಲ್ಲರಿಗಿಂತ ಮೊದಲು ಬಂದಳು. ಬಾರದಿದ್ದರೆ ನಾನು ಬಾಯಿಬಿಟ್ಟೇನೆಂಬ ಅಂಜಿಕೆ ಅವಳಿಗೂ ಇದ್ದಿರಬೇಕು. ನನ್ನ ಎದುರಿಗೇ ಕುಳಿತಳು.

ನೇತ್ರಾ ಪತ್ತೇದಾರಿ ಕಥೆಯಿಂದ ಅರ್ಧ ಪುಟ ಓದಿದಳು. ಕರೆವ್ವ ಜಾತಕಕಥೆಗಳಿಂದ ಆನೆಯ ಪ್ರಸಂಗ ಓದಿದಳು. ಆಮೇಲೆ ನೇತ್ರಾ ನನ್ನ ಕಡೆ ತಿರುಗಿದಳು.

"ಆಯಿ, ನೀವೇನ ಓದಾಕತ್ತೀರಿ? ಹಿಮಾಲಯ ಮುಗೀತೇನ್ರಿ?"

ನಾನು ಪ್ರವಾಸಕಥನವನ್ನೇ ಕೈಯಲ್ಲಿ ಹಿಡಿದಿದ್ದೆ. ಅದನ್ನು ಬದಿಗಿಟ್ಟು ಇನ್ನೊಂದನ್ನು ತೆಗೆದೆ. ಎತ್ತುಗಳು ಅವೇ ಆದ್ದರಿಂದ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಹಸಿರು ತುಂಡನ್ನು ಮೊದಲೇ ತೆಗೆದಿಟ್ಟಿದ್ದೆ.

"ಇಲ್ಲವ್ವ. ಈ ವಾರ ಬ್ಯಾರೆ ಹಿಡದೇನಿ," ಎಂದು ಪುಸ್ತಕದ ಹೆಸರು ಹೇಳಿದೆ. ಧ್ವನಿ ನನ್ನದಲ್ಲವೆಂಬಂತೆ ಬಂತು. "ಹೆಂಗ ನೋಡ್ಕೋಬೇಕು ಅನ್ನೂದ ಮುಗಿಸೇನಿ. ಅದರ ಮುಂದಿನ ಪುಟಕ್ಕ ಬಂದೇನಿ."

ಮದಿನಾಬಿ ನನ್ನನ್ನು ನೋಡಿದಳು. ಕೈ ಕಿವಿಯ ತನಕ ಎದ್ದು ಅರ್ಧದಲ್ಲೇ ನಿಂತಿತು. ಕೂಟದಲ್ಲಿ ಓದುವಾಗ ಕಿವಿ ಮುಚ್ಚಿಕೊಂಡರೆ ಏಕೆಂದು ಎಲ್ಲರೂ ಕೇಳುತ್ತಾರೆ. ಕೈ ಇಳಿಸಿ ಮಡಿಲಲ್ಲಿಟ್ಟುಕೊಂಡಳು.

ನಾನು ಓದಿದೆ: "ಗಂಟಿನಲ್ಲಿ ನೋವಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು. ಇಂಥ ರೋಗದ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಎಲ್ಲ ಗಂಟುಗಳೂ ಆ ರೋಗವಲ್ಲ. ಹೌದೋ ಅಲ್ಲವೋ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಚಿಕ್ಕದಿರುವಾಗಲೇ ತೋರಿಸಿದವರಲ್ಲಿ ಹೆಚ್ಚಿನವರು ಗುಣವಾಗಿ ಮನೆಗೆ ಹೋಗುತ್ತಾರೆ."

ಮೊದಲು ಬಾಯಿ ತೆರೆದವಳು ಕರೆವ್ವ.

"ಅಕ್ಕಾರ, ನಿಮಗ ಏನಾಗೇತಿ?"

ನಾನು ಮಾತಾಡಲಿಲ್ಲ. ನನಗೇನೂ ಆಗಿಲ್ಲವೆಂದರೆ ಮುಂದಿನ ಪ್ರಶ್ನೆ, ಹಾಗಾದರೆ ಯಾರಿಗೆ ಎಂಬುದು. ಅದಕ್ಕೆ ಆಣೆ ಅಡ್ಡವಿತ್ತು.

"ಖರೇ ಹೇಳ್ರಿ! ಇಷ್ಟ ಓದಿದಾಕಿ, ಕಾಲೇಜ ಕಲಿತಾಕಿ, ಇಂಥಾದ್ದನ್ನ ಒಳಗ ಇಟಗೊಂಡ ಕುಂತೀರಿ? ನಾ ಅಂಗನವಾಡ್ಯಾಗ ತಾಯಂದಿರಿಗೆ ಎಷ್ಟ ಸಲ ಬಡಕೊಂಡೇನಿ! ನೇತ್ರಾ, ಗೋಕಾಕದಾಗ ಆ ಹೆಣ್ಣ ಡಾಕ್ಟರ್ ಅದಾರಲ್ಲ, ಫೋನ್ ಹಚ್ಚ. ನಾಳಿಗೆ ನಂಬರ್ ಹಚ್ಚಸ. ಅಕ್ಕಾರ ಹೆಸರ ಚಂದ್ರಭಾಗಾ ಅಂತ ಬರಸ."

ನೇತ್ರಾ ಆಗಲೇ ಫೋನು ಕಿವಿಗೆ ಹಿಡಿದು ಅಂಗಳಕ್ಕೆ ಹೋಗಿದ್ದಳು. ಕರೆವ್ವ ಎದ್ದು ಬಂದು ನನ್ನ ಪಕ್ಕ ಕುಳಿತಳು. ಬೈಯುತ್ತಲೇ ನನ್ನ ಬೆನ್ನು ಸವರುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಕಂಡು ನನಗೆ ನಾಚಿಕೆಯಾಯಿತು. ಮದಿನಾಬಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಅವಳ ಸರದಿ ಬರುವ ಮೊದಲೇ ಕೂಟ ಮುಗಿದಿತ್ತು. ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿ ಹೋದಳು. ಅಂದು ಕಪ್ಪುಗಳು ಹಾಗೆಯೇ ಉಳಿದವು.

ಕಳೆದುಕೊಂಡೆ ಎಂದುಕೊಂಡೆ. ಆಣೆಯನ್ನೂ ಮುರಿಯಲಿಲ್ಲ, ಅವಳನ್ನೂ ಉಳಿಸಲಿಲ್ಲ. ಮುಂಜಾನೆ ಬಸ್‌ಸ್ಟ್ಯಾಂಡಿಗೆ ಹೋಗುವಾಗ, ಗೋಕಾಕದ ಡಾಕ್ಟರ ಮುಂದೆ ಏನು ಹೇಳುವುದೆಂಬ ಯೋಚನೆಗಿಂತ, ಅವಳ ಓಣಿಯ ತಿರುವಿನಲ್ಲಿ ಯಾರಾದರೂ ಬರುತ್ತಿದ್ದಾರೆಯೇ ಎಂಬ ಆಸೆಯೇ ಕಾಡಿತು. ಯಾರೂ ಇರಲಿಲ್ಲ.

ಕರೆವ್ವ ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು. ಗಾಜಿನ ಸಾಮಾನಿನ ಹಾಗೆ ನನ್ನ ಮೊಣಕೈ ಹಿಡಿದು ಬಸ್ಸು ಹತ್ತಿಸಿದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಾಡುವಷ್ಟರಲ್ಲಿ ಹೊರಗಿನಿಂದ ಯಾರೋ ತಗಡನ್ನು ದಬದಬ ಬಡಿದರು.

"ನಿಲ್ಲಸ್ರಿ ತಮ್ಮಾ!"

ಮದಿನಾಬಿ. ಬುರ್ಖಾದ ಗುಂಡಿ ಹಾಕುವುದನ್ನೂ ಮರೆತು ಏದುಸಿರು ಬಿಡುತ್ತ ಹತ್ತಿದಳು. ಕಂಡಕ್ಟರ್ ಬೈಯಲಿಲ್ಲ, "ಸಾವಕಾಶ ಹತ್ರಿ ಅಮ್ಮಾ," ಎಂದು ಕೈಕೊಟ್ಟ.

"ನೀ ಯಾಕ ಬಂದಿ? ಲಗ್ನದ ಹೊಲಿಗಿ ಯಾರ ಮಾಡ್ತಾರ?" ಎಂದಳು ಕರೆವ್ವ.

"ಅಕ್ಕಾರನ ಒಬ್ಬಾಕಿನ್ನ ಕಳಸೂದೇನ?"

"ಒಬ್ಬಾಕಿ ಎಲ್ಲದಾರ? ನಾ ಏನ ಗೊಬ್ಬರದ ಚೀಲ ಏನ?"

ಮದಿನಾಬಿ ನನ್ನ ಪಕ್ಕದಲ್ಲಿ ಕುಳಿತಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬಂದವು. ಪ್ರತಿ ಸಲ ಬಸ್ಸು ನಿಂತಾಗಲೂ ಅವಳು ಇಳಿದುಬಿಟ್ಟಾಳೆಂದು ಅವಳ ಕಡೆಗೇ ನೋಡುತ್ತಿದ್ದೆ.

ದವಾಖಾನೆಯಲ್ಲಿ ಬಹಳ ಹೊತ್ತು ಕೂತೆವು. ಕರೆವ್ವ ಬಾಳೆಹಣ್ಣು ತಂದಳು, ಯಾರೂ ತಿನ್ನಲಿಲ್ಲ. ಕಡೆಗೆ ನರ್ಸ್ ಕೂಗಿದಳು: "ಚಂದ್ರಭಾಗಾ ಯಾರ್ರಿ?"

ಎದ್ದೆ. ಮದಿನಾಬಿ ಕೂತೇ ಇದ್ದಳು. ಬಾಗಿಲಿನ ತನಕ ಹೋಗಿ ತಿರುಗಿ ನೋಡಲೋ ಬೇಡವೋ ಎಂದು ನಿಂತೆ. ಆಗ ಹಿಂದಿನಿಂದ ನನ್ನ ಸೆರಗನ್ನು ಯಾರೋ ಹಿಡಿದಂತಾಯಿತು.

ಒಳಗೆ ಡಾಕ್ಟರು ಚಿಕ್ಕ ವಯಸ್ಸಿನವರು. ಇಬ್ಬರನ್ನೂ ನೋಡಿದರು. "ಯಾರಿಗೆ ನೋಡಬೇಕ್ರಿ?"

ಅದು ನಾನು ಹೇಳುವ ಮಾತಾಗಿರಲಿಲ್ಲ.

"ನನಗ್ರಿ," ಎಂದಳು ಮದಿನಾಬಿ. ಒಂದೇ ಕೈಯಿಂದ ಬುರ್ಖಾದ ಗುಂಡಿ ಬಿಚ್ಚತೊಡಗಿದಳು. "ಎಡಗಡಿ. ನೂವಿಲ್ಲ. ನೂವಿಲ್ಲದ್ದಕ್ಕ ಬಂದೇನ್ರಿ."

ಡಾಕ್ಟರು ಪರದೆ ಎಳೆಯಲು ಎದ್ದರು. "ಸಣ್ಣದಿರೂದ್ರಾಗ ಬಂದದ್ದ ಭಾಳ ಚಲೋ ಮಾಡಿದ್ರಿ. ನೋಡೂಣು, ಬೇಕಾದ್ರ ಸೂಜಿ ಹಾಕಿ ತಪಾಸಣಿಗೆ ಕಳಸೂಣು. ನೀವು ಹೊರಗ ಕೂಡ್ರಿ ಅಜ್ಜಿ."

ಮದಿನಾಬಿ ನನ್ನ ಸೆರಗು ಬಿಡಲಿಲ್ಲ.

"ಅವರು ಇಲ್ಲೇ ಇರ್ಲಿ ಡಾಕ್ಟರ," ಎಂದಳು. "ನಾವಿಬ್ಬರೂ ಒಂದ ಪುಸ್ತಕ ಓದಾಕತ್ತೇವಿ."